ಒಂದು ಬೆರಳು, ಆರು ವಾರ

ಮನೆಗೆ ಬಂದವರೆಲ್ಲ ನಮ್ಮ ಬಲಗಾಲಿನ ಬಿಳಿಯ ಪಟ್ಟಿಯನ್ನೂ, ಬೆರಳಿನ ತುದಿಯಿಂದ ಹೊರಗೆ ಇಣುಕುತ್ತಿದ್ದ ತಂತಿಯನ್ನೂ ಕಂಡು, "ಎಲ್ಲಿ ಬಿದ್ರಿ?" ಎಂದು ಕೇಳುತ್ತಿದ್ದರು. ಬಿದ್ದಿಲ್ಲ, ಬಾಗಿದ ಬೆರಳನ್ನು ನೆಟ್ಟಗೆ ಮಾಡಿಸಿಕೊಂಡಿದ್ದೇವೆ ಎಂದು ಹೇಳಿದರೆ ಅವರ ಮುಖದ ಮೇಲೆ ನಗೆ ಸುಳಿಯುತ್ತಿತ್ತು. ಒಂದು ಕಾಲ್ಬೆರಳಿಗಾಗಿ ಶಸ್ತ್ರಕ್ರಿಯೆಯೆ? ನಕ್ಕವರನ್ನು ನಾವು ತಪ್ಪು ಎಣಿಸಲಿಲ್ಲ. ಮೂರು ವರ್ಷಗಳ ಹಿಂದೆ ಯಾರಾದರೂ ಹೀಗೆ ಹೇಳಿದ್ದರೆ ನಾವೂ ನಗುತ್ತಿದ್ದೆವು.

ಸೋದರಿಯರೆ, ನಾವು ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ಕನ್ನಡ ಕಲಿಸಿ ನಿವೃತ್ತರಾದವರು. ನಿಂತೇ ಪಾಠ ಹೇಳಿದವರು. ಕಾಲು ಎಂಬುದೊಂದು ಇದೆ ಎಂದು ಆ ಮೂವತ್ತೊಂದು ವರ್ಷಗಳಲ್ಲಿ ಒಮ್ಮೆಯಾದರೂ ನೆನೆದ ನೆನಪಿಲ್ಲ. ಜಾತ್ರೆಯಲ್ಲೋ ಸಂತೆಯಲ್ಲೋ ಕಣ್ಣಿಗೆ ಒಪ್ಪಿದ ಚಪ್ಪಲಿಯನ್ನು ಕೊಂಡು, ಬೆರಳುಗಳು ಒತ್ತಿದರೆ "ನಾಲ್ಕು ದಿನ ಹಾಕಿದರೆ ಸಡಿಲಾಗುತ್ತದೆ" ಎಂದು ನಮಗೆ ನಾವೇ ಸಮಾಧಾನ ಹೇಳಿಕೊಳ್ಳುತ್ತಿದ್ದೆವು. ಚಪ್ಪಲಿ ಸಡಿಲಾಗಲಿಲ್ಲ, ಬೆರಳು ಬಾಗಿತು. ಹೆಬ್ಬೆರಳ ಪಕ್ಕದ ಬೆರಳು ನಡುಗೀಲಿನಲ್ಲಿ ಮೇಲಕ್ಕೆ ಎದ್ದು, ತುದಿ ಕೆಳಕ್ಕೆ ಬಾಗಿ, ಸುತ್ತಿಗೆಯ ಆಕಾರ ತಾಳಿತು. ವೈದ್ಯರು ಇದಕ್ಕೆ ಹ್ಯಾಮರ್ ಟೋ ಎನ್ನುತ್ತಾರೆ. ಎದ್ದ ಗೀಲಿನ ಮೇಲೆ ಚಪ್ಪಲಿಯ ಪಟ್ಟಿ ಉಜ್ಜಿ ಉಜ್ಜಿ ಆಣಿ ಬೆಳೆಯಿತು. ಆ ಆಣಿಯನ್ನು ನಾವು ಬ್ಲೇಡಿನಿಂದ ಕೆರೆದೆವು, ಅಂಗಡಿಯ ಆಣಿಪಟ್ಟಿ ಅಂಟಿಸಿದೆವು. ಮಧುಮೇಹವಿದ್ದವರು ಈ ಎರಡನ್ನೂ ಎಂದಿಗೂ ಮಾಡಕೂಡದಂತೆ. ಆ ಪಟ್ಟಿಯಲ್ಲಿರುವ ಆಮ್ಲ ಆಣಿಯ ಜೊತೆಗೆ ಸುತ್ತಲಿನ ಒಳ್ಳೆಯ ಚರ್ಮವನ್ನೂ ಸುಡುತ್ತದೆ, ಸ್ಪರ್ಶ ಮಂದವಾದ ಕಾಲಿಗೆ ಅದು ತಿಳಿಯುವುದೇ ಇಲ್ಲ. ನಮಗೆ ಮಧುಮೇಹವಿದೆ. ನಾವು ಎರಡನ್ನೂ ಮಾಡಿದ್ದೆವು.

ಧಾರವಾಡದ ಮೂಳೆವೈದ್ಯರೊಬ್ಬರು ಕಾಲನ್ನು ಕೈಯಲ್ಲಿ ಹಿಡಿದು ನೋಡಿದ ರೀತಿಯನ್ನು ಇಲ್ಲಿ ಹೇಳಲೇಬೇಕು. ಮೊದಲು ಬೆರಳನ್ನು ಮೆಲ್ಲನೆ ನೆಟ್ಟಗೆ ಮಾಡಲು ನೋಡಿದರು. ಅದು ಜಗ್ಗಲಿಲ್ಲ. ಬಾಗಿದ ಬೆರಳು ಕೈಯಿಂದ ನೆಟ್ಟಗಾಗುವಷ್ಟು ಮೃದುವಾಗಿದ್ದರೆ ಅಗಲವಾದ ಪಾದರಕ್ಷೆ, ಮೆತ್ತನೆಯ ದಿಂಬು, ಪಟ್ಟಿ, ವ್ಯಾಯಾಮ ಇಷ್ಟರಲ್ಲೇ ಕಾಲ ತಳ್ಳಬಹುದಂತೆ. ಗೀಲು ಗಟ್ಟಿಯಾದ ಮೇಲೆ ಶಸ್ತ್ರವಿಲ್ಲದೆ ಅದು ನೆಟ್ಟಗಾಗದು. ನಂತರ ಪಾದದ ಮೇಲೆಯೂ ಹರಡಿನ ಹಿಂದೆಯೂ ಬೆರಳಿಟ್ಟು ನಾಡಿ ನೋಡಿದರು. ರಕ್ತ ಚೆನ್ನಾಗಿ ಹರಿಯದ ಕಾಲಿನಲ್ಲಿ ಗಾಯ ಮಾಯುವುದಿಲ್ಲವಾದ್ದರಿಂದ ಅದನ್ನು ನೋಡದೆ ಮುಂದುವರಿಯುವಂತಿಲ್ಲ. ಒಂದು ಪಾದದಲ್ಲಿ ಇಪ್ಪತ್ತಾರು ಎಲುಬುಗಳಿವೆ, ಹೆಬ್ಬೆರಳಿಗೆ ಎರಡು, ಉಳಿದ ಬೆರಳುಗಳಿಗೆ ಮೂರು ಮೂರು ಎಂದು ಗೋಡೆಯ ಚಿತ್ರವನ್ನು ತೋರಿಸಿ ತಿಳಿಸಿದರು. ಶಾಲೆಯಲ್ಲಿ ವಿಜ್ಞಾನದ ಮೇಷ್ಟರು ಪಕ್ಕದ ಕೋಣೆಯಲ್ಲಿ ಇದನ್ನೇ ಹೇಳುತ್ತಿದ್ದುದು ನಮಗೆ ಗೋಡೆಯಾಚೆ ಎಷ್ಟೋ ಸಲ ಕೇಳಿಸಿತ್ತು.

ಅವರು ಶಸ್ತ್ರಕ್ರಿಯೆಯ ಮಾತೆತ್ತಿದ್ದು 2021ರಲ್ಲಿ. ನಾವು ಒಪ್ಪಿದ್ದು 2023ರಲ್ಲಿ. ನಡುವಿನ ಎರಡು ವರ್ಷಗಳಿಗೆ ನಾವು ಎಲ್ಲರಿಗೂ ಹೇಳಿದ ಕಾರಣ ಸಕ್ಕರೆಯ ಅಂಶ. ಅದು ಅರ್ಧ ಸತ್ಯ. ಮೂರು ತಿಂಗಳ ಸರಾಸರಿ ಸಕ್ಕರೆ 8.9 ಇದ್ದುದು ನಿಜ, ಇಳಿಸಿಕೊಂಡು ಬನ್ನಿರೆಂದು ವೈದ್ಯರು ಹೇಳಿದ್ದೂ ನಿಜ. ಆದರೆ ಉಳಿದರ್ಧವನ್ನು ಈಗ ಬರೆಯುತ್ತೇವೆ. ಬಾಗಿದ್ದುದು ಕಾಲುಂಗುರದ ಬೆರಳು.

1979ರಲ್ಲಿ ಮದುವೆಯ ದಿನ ಹಾಕಿದ ಬೆಳ್ಳಿಯ ಉಂಗುರ. ಬೆರಳ ಬುಡದಲ್ಲಿ ಅದು ಕುಳಿತಿತ್ತು, ಮೇಲಿನ ಗೀಲು ದಪ್ಪಗಾಗಿ ಹೊರಬರುವ ದಾರಿಯನ್ನು ಮುಚ್ಚಿತ್ತು. ಶಸ್ತ್ರಕ್ರಿಯೆಯಾದ ಬೆರಳು ಬಾಯುತ್ತದೆ. ಬಾತ ಬೆರಳಿಗೆ ಉಂಗುರವಿದ್ದರೆ ರಕ್ತದ ಹರಿವೇ ನಿಂತೀತು. ಆದ್ದರಿಂದ ಕೊಯ್ದು ತೆಗೆಯಲೇಬೇಕು ಎಂದರು. ಕಾಲುಂಗುರವನ್ನು ನಮ್ಮ ಕಡೆ ಯಾವಾಗ ತೆಗೆಯುತ್ತಾರೆಂಬುದನ್ನು ಈ ಪುಟವನ್ನು ಓದುವ ತಾಯಂದಿರಿಗೆ ಹೇಳಬೇಕಾಗಿಲ್ಲ. ಯಜಮಾನರಿಗೆ ಆಗ ಎಪ್ಪತ್ತರ ಸಮೀಪ, ಹೃದಯಕ್ಕೆ ಮಾತ್ರೆ ನಡೆದಿತ್ತು. ಮೂಢನಂಬಿಕೆಯ ಮೇಲೆ ಮಕ್ಕಳಿಂದ ಅದೆಷ್ಟು ಪ್ರಬಂಧಗಳನ್ನು ಬರೆಸಿದ್ದೇವೋ! ಆದರೂ ರಾತ್ರಿ ಮಲಗಿದಾಗ ಆ ಬೆರಳನ್ನು ಇನ್ನೊಂದು ಕಾಲಿನಿಂದ ಮುಟ್ಟಿ, ಉಂಗುರ ಇದೆಯೆಂದು ಖಚಿತಪಡಿಸಿಕೊಂಡು ನಿದ್ದೆ ಹೋಗುತ್ತಿದ್ದೆವು. ಅಕ್ಕನಿಗೆ ದೂರವಾಣಿಯಲ್ಲಿ ಹೇಳಿದಾಗ ಆಕೆ, "ಮುತ್ತೈದಿ ಇದ್ದಾಕಿ ಅದನ್ನ ಕೊಯ್ಸಿಗೋತೀಯೇನ?" ಎಂದಳು. ಆ ಮಾತು ನಮ್ಮನ್ನು ಇನ್ನೂ ಆರು ತಿಂಗಳು ಹಿಂದಕ್ಕೆ ತಳ್ಳಿತು. ಅಷ್ಟರಲ್ಲಿ ಆಣಿ ಒಡೆದು ನೀರು ಸೋರಿತು.

ದಾರಿ ತೋರಿಸಿದವರು ನಾವು ಯಾರಿಗೆ ಅಂಜಿ ಸುಮ್ಮನಿದ್ದೆವೋ ಆ ಅತ್ತೆಯವರೇ. ಎಂಬತ್ತೊಂಬತ್ತರ ವಯಸ್ಸು, ಕಣ್ಣು ಮಂಜು, ಕಿವಿ ಚುರುಕು. ಸೊಸೆ ಗಾಯಕ್ಕೆ ಔಷಧ ಹಚ್ಚುವುದನ್ನು ಪಕ್ಕದಲ್ಲಿ ಕುಳಿತು ಕೇಳಿಸಿಕೊಂಡು, "ಉಂಗುರ ಬೆಳ್ಳೀದು, ಕಾಲು ನಿಂದು. ಬೆಳ್ಳಿ ಮತ್ತ ಮಾಡಸಬಹುದು. ಕೊಯ್ಸು ತಂಗಿ" ಎಂದರು. ಅಷ್ಟೇ. ಎದ್ದು ಒಳಗೆ ಹೋದರು.

ಪತ್ತಾರರು ಬೆರಳಿಗೂ ಉಂಗುರಕ್ಕೂ ನಡುವೆ ತೆಳುವಾದ ತಗಡನ್ನು ತೂರಿಸಿ, ಸಣ್ಣ ಗರಗಸದಿಂದ ಕೊಯ್ದರು. ಯಜಮಾನರು ನಮ್ಮ ಪಾದವನ್ನು ತಮ್ಮ ತೊಡೆಯ ಮೇಲಿಟ್ಟು ಅಲುಗಾಡದಂತೆ ಹಿಡಿದರು. ಅಂಗಡಿಯ ಮುಂದೆ ಜನ ಓಡಾಡುತ್ತಿದ್ದರು, ನಮಗೆ ನಾಚಿಕೆಯೂ ದುಃಖವೂ ಒಟ್ಟಿಗೆ ಬಂದವು. "ಮುಗೀತು ನೋಡು" ಎಂದು ಅವರು ಉಂಗುರದ ಎರಡು ತುಂಡುಗಳನ್ನು ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡರು.

ದೀಪಾವಳಿ ಕಳೆದ ಮೇಲೆ, 2023ರ ನವೆಂಬರ್ 22ರಂದು ಶಸ್ತ್ರಕ್ರಿಯೆಯಾಯಿತು. ಸಕ್ಕರೆ 7.4ಕ್ಕೆ ಇಳಿದಿತ್ತು. ಹರಡಿನ ಸುತ್ತ ಚುಚ್ಚುಮದ್ದು ಕೊಟ್ಟು ಪಾದವನ್ನಷ್ಟೇ ಮರಗಟ್ಟಿಸಿದ್ದರಿಂದ ನಾವು ಎಚ್ಚರವಾಗಿಯೇ ಇದ್ದೆವು. ಬಾಗಿದ ಗೀಲಿನ ಎರಡೂ ಎಲುಬುಗಳ ತುದಿಯನ್ನು ಸ್ವಲ್ಪ ಸ್ವಲ್ಪ ಕತ್ತರಿಸಿ, ನೆಟ್ಟಗೆ ಕೂಡಿಸಿ, ಬೆರಳ ತುದಿಯಿಂದ ಒಳಕ್ಕೆ ಒಂದು ಉಕ್ಕಿನ ತಂತಿ ಹಾಯಿಸಿದರು. ಜರ್ಮನಿಯ ಶಸ್ತ್ರವೈದ್ಯ ಮಾರ್ಟಿನ್ ಕಿರ್ಷ್ನರ್ 1909ರಲ್ಲಿ ಬಳಕೆಗೆ ತಂದ ಈ ತಂತಿಗೆ ಇಂದಿಗೂ ಕೆ-ವೈರ್ ಎಂದೇ ಹೆಸರು. ಎಲುಬುಗಳು ಒಂದಾಗುವವರೆಗೆ ಅವುಗಳನ್ನು ಅಲುಗದಂತೆ ಹಿಡಿಯುವುದು ಅದರ ಕೆಲಸ. ನೋವಾಗಲಿಲ್ಲ, ಆದರೆ ಎಲುಬು ಕೊಯ್ಯುವ ಸದ್ದು ಕೇಳಿಸಿತು. ಅದನ್ನು ಮುಂಚೆಯೇ ಹೇಳಿದ್ದರೆ ಒಳ್ಳೆಯದಿತ್ತು.

ಶಸ್ತ್ರಕ್ರಿಯೆ ಒಂದು ಗಂಟೆಯೊಳಗೆ ಮುಗಿಯಿತು, ನಿಜವಾದ ಪರೀಕ್ಷೆ ಮನೆಯಲ್ಲಿ ಕಾದಿತ್ತು. ಮೊದಲ ಎರಡು ವಾರ ಕಾಲನ್ನು ಎದೆಯ ಮಟ್ಟಕ್ಕಿಂತ ಮೇಲೆ ಇಟ್ಟಿರಬೇಕು. ಕೆಳಗೆ ಇಳಿಬಿಟ್ಟ ಐದು ನಿಮಿಷಕ್ಕೆ ರಕ್ತವೆಲ್ಲ ಬೆರಳಿಗೆ ನುಗ್ಗಿ ಮಿಡಿಯತೊಡಗುತ್ತಿತ್ತು. ಮೂರು ದಿಂಬುಗಳ ಮೇಲೆ ಕಾಲು ಚಾಚಿ ಮಲಗಿದರೆ ಅದು ನೇರವಾಗಿ ಅತ್ತೆಯವರ ಮಂಚದ ಕಡೆಗೆ! ಹಿರಿಯರ ಕಡೆಗೆ ಕಾಲು ಚಾಚಿ ನಲವತ್ತನಾಲ್ಕು ವರ್ಷಗಳಲ್ಲಿ ಕುಳಿತವರಲ್ಲ ನಾವು. ಕೊನೆಗೆ ಮಗ ನಮ್ಮ ಮಂಚವನ್ನೇ ತಿರುಗಿಸಿ ಹಾಕಿದ. ಬಟ್ಟೆ ಒದ್ದೆಯಾಗಬಾರದೆಂದು ಸ್ನಾನಕ್ಕೆ ಕಾಲಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ, ಸ್ಟೂಲಿನ ಮೇಲಿಟ್ಟು, ಸೊಸೆ ನೀರು ಹಾಕಬೇಕು. ಶೌಚಕ್ಕೆ ಕುಕ್ಕರಗಾಲಿನಲ್ಲಿ ಕೂಡುವಂತಿಲ್ಲ. ನಿತ್ಯದ ಪೂಜೆಯೂ ಕುರ್ಚಿಯ ಮೇಲೆ, ಕಾಲು ಇನ್ನೊಂದು ಕುರ್ಚಿಯ ಮೇಲೆ. ನಡೆಯುವಾಗ ಗಟ್ಟಿ ಅಡಿಯ ಒಂದು ವಿಶೇಷ ಪಾದರಕ್ಷೆ ಹಾಕಿ, ಹಿಮ್ಮಡಿಯ ಮೇಲೆ ಭಾರ ಬಿಡಬೇಕು. ಮನೆಯೊಳಗೆ, ಅಡುಗೆಮನೆಯವರೆಗೆ ಪಾದರಕ್ಷೆಯೆ ಎಂದು ನಮಗೇ ಮನಸ್ಸು ಒಪ್ಪಲಿಲ್ಲ. ಅದು ಹೊಸದು, ಬೀದಿಯ ಮಣ್ಣು ಕಂಡಿಲ್ಲ, ಕಾಣುವುದೂ ಇಲ್ಲ ಎಂದು ಸೊಸೆ ತೀರ್ಮಾನ ಕೊಟ್ಟಳು. ಆಸ್ಪತ್ರೆಗೆ ಹೋಗುವಾಗ ಅದಕ್ಕೊಂದು ಬಟ್ಟೆಯ ಕವಚ ಹೊಲಿದುಕೊಟ್ಟವಳೂ ಆಕೆಯೇ.

ಸೊಸೆ ಬ್ಯಾಂಕಿಗೆ ಹೋದ ಮೇಲೆ ಯಜಮಾನರದೇ ಕಾರಭಾರ. ಅವರು ಬಡಿದ ರೊಟ್ಟಿಗಳ ಆಕಾರದ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಅವರೂ ಈ ಪತ್ರಿಕೆಯ ಓದುಗರು.

ಹದಿನಾಲ್ಕನೆಯ ದಿನ ಹೊಲಿಗೆ ಬಿಚ್ಚಿದರು. ಅಲ್ಲಿಂದ ನಮಗೆ ಧೈರ್ಯ ಹೆಚ್ಚಾಯಿತು, ಬುದ್ಧಿ ಕಡಿಮೆಯಾಯಿತು. ಮೂರನೆಯ ವಾರದ ಒಂದು ಮಧ್ಯಾಹ್ನ ಒಲೆಯ ಮೇಲೆ ಹಾಲು ಉಕ್ಕುವ ವಾಸನೆ ಬಂತು. ಯಜಮಾನರು ಪತ್ರಿಕೆಯ ಮೇಲೆ ಕನ್ನಡಕವಿಟ್ಟು ನಿದ್ದೆ ಹೋಗಿದ್ದರು. ಪಾದರಕ್ಷೆ ಹಾಕಿಕೊಳ್ಳದೆ ಎದ್ದು ನಡೆದವರು ಅಡುಗೆಮನೆಯ ಹೊಸ್ತಿಲಿಗೆ ನೇರವಾಗಿ ಆ ತಂತಿಯನ್ನೇ ಎಡವಿದೆವು. ನೆತ್ತಿಯವರೆಗೆ ಮಿಂಚು ಹೊಡೆದಂತಾಯಿತು. ಪಟ್ಟಿ ಕೆಂಪಾಯಿತು. ಹಾಲು ಹೇಗೂ ಉಕ್ಕಿಹೋಯಿತು. ಆಟೋದಲ್ಲಿ ಆಸ್ಪತ್ರೆಗೆ ಹೋಗಿ ಕ್ಷ-ಕಿರಣದ ಚಿತ್ರ ಬರುವವರೆಗಿನ ಅರ್ಧ ಗಂಟೆ ಯಜಮಾನರು ಒಂದು ಮಾತನ್ನೂ ಆಡಲಿಲ್ಲ. ತಂತಿ ಸ್ಥಳ ಬಿಟ್ಟಿರಲಿಲ್ಲ, ನಮ್ಮ ಪುಣ್ಯ. ಕೆಂಪು ಏರಿದರೆ, ಕೀವು ಕಂಡರೆ, ಜ್ವರ ಬಂದರೆ, ಬೆರಳು ತಣ್ಣಗಾಗಿ ಕಪ್ಪು ಅಥವಾ ನೀಲಿ ತಿರುಗಿದರೆ ಹೊತ್ತು ನೋಡದೆ ಬನ್ನಿ ಎಂದು ವೈದ್ಯರು ಎಚ್ಚರಿಸಿ ಕಳಿಸಿದರು.

ಅಂದು ಸಂಜೆಯ ಪ್ರಸಂಗಕ್ಕಾಗಿಯೇ ಈ ಲೇಖನ ಬರೆಯಲು ಕುಳಿತಿದ್ದೇವೆ. ಅತ್ತೆಯವರು ಗೋಡೆ ಹಿಡಿದು ಬಂದು ನಮ್ಮ ಮಂಚದ ಅಂಚಿಗೆ ಕುಳಿತರು. ಬಯ್ಯುವರೆಂದು ಕಾದೆವು. ಅವರು ತಮ್ಮ ಸೀರೆಯ ಅಂಚನ್ನು ತುಸು ಮೇಲೆತ್ತಿ ಕಾಲನ್ನು ಮುಂದೆ ಮಾಡಿದರು. "ನಂದೂ ಹಂಗ ಐತಿ" ಎಂದರು. ಅದೇ ಬೆರಳು. ಅದೇ ಬಾಗು. ಗೀಲಿನ ಮೇಲೆ ಹುಣಸೆಬೀಜದಷ್ಟು ಆಣಿ, ಅದರ ಸುತ್ತ ಬ್ಲೇಡಿನ ಹಳೆಯ ಗುರುತುಗಳು. ಆ ಬೆರಳ ಬುಡದಲ್ಲಿ, 1994ರಲ್ಲಿ ಮಾವನವರು ತೀರಿದಾಗ ತೆಗೆದ ಕಾಲುಂಗುರದ ತಗ್ಗು ಇನ್ನೂ ಹಾಗೆಯೇ ಇತ್ತು. ಇಷ್ಟು ವರ್ಷ ನಮಸ್ಕರಿಸಲು ಬಾಗಿ ಆ ಪಾದಗಳನ್ನು ಮುಟ್ಟಿದ್ದೇವೆ. ನೋಡಿರಲಿಲ್ಲ.

"ಯಾಕ ಹೇಳಲಿಲ್ಲ ಅತ್ತಿ?" ಎಂದು ಕೇಳಿದೆವು.

"ಬೆರಳಿಗೆ ಏನ್ ಹೇಳೂದು?" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಅವತ್ತ ನನ್ನ ಉಂಗುರಾನೂ ಬರಲಿಲ್ಲ. ಸೋಪ ಹಚ್ಚಿ ಎಳದ್ರು" ಎಂದರು.

ಅವರು ಅದನ್ನು ಹಿಂದೆಂದೂ ಹೇಳಿದ್ದಿಲ್ಲ, ಮುಂದೆಯೂ ಹೇಳಲಿಲ್ಲ. ನಾವೂ ಕೆದಕಿ ಕೇಳಲಿಲ್ಲ. ಆ ರಾತ್ರಿ ಸೊಸೆಯ ಕೈಯಲ್ಲಿ ಬಿಸಿನೀರು ತರಿಸಿ, ಅವರ ಪಾದ ತೊಳೆಸಿ, ಬೆರಳುಗಳ ಸಂದನ್ನು ಒರೆಸಿ, ಆಣಿಗೆ ಮೆತ್ತನೆಯ ಅರಳೆ ಸುತ್ತಿಸಿದೆವು. ಬ್ಲೇಡನ್ನು ಅವರ ಡಬ್ಬಿಯಿಂದ ತೆಗೆಸಿ ಎಸೆಸಿದೆವು. ಮರುದಿನ ಅದಕ್ಕಾಗಿ ಹುಡುಕಾಡಿ ಅವರು ಮುನಿಸಿಕೊಂಡದ್ದು ಬೇರೆ ಮಾತು.

ಜನವರಿ 3ಕ್ಕೆ ಆರು ವಾರ ತುಂಬಿದವು. ತಂತಿ ತೆಗೆಯುವುದಕ್ಕೆ ಮರಗಟ್ಟಿಸುವ ಮದ್ದೂ ಬೇಕಾಗಲಿಲ್ಲ. ಇಕ್ಕಳದಿಂದ ಹಿಡಿದು, ಉಸಿರು ಬಿಡಿ ಎಂದು ಹೇಳಿ ಎಳೆದರು. ಜಾರಿದ ಅನುಭವವಾಯಿತೇ ಹೊರತು ನೋವು ಅಷ್ಟಾಗಿರಲಿಲ್ಲ. ಅಂದು ಅತ್ತೆಯವರನ್ನೂ ಜೊತೆಗೆ ಕರೆದೊಯ್ದಿದ್ದೆವು. ಈ ವಯಸ್ಸಿಗೆ ಶಸ್ತ್ರ ಬೇಡ ಎಂದು ವೈದ್ಯರು ಆಣಿಯನ್ನು ತಾವೇ ಜೋಪಾನವಾಗಿ ಸವರಿ, ಬೆರಳಿಗೆ ಮೆತ್ತನೆಯ ಕವಚ ಹಾಕಿ, ಮೂತಿ ಅಗಲವಾಗಿಯೂ ಎತ್ತರವಾಗಿಯೂ ಇರುವ ಪಾದರಕ್ಷೆ ಕೊಡಿಸಿ ಎಂದರು. ಕೊಳ್ಳಲು ಸಂಜೆಗೆ ಹೋಗಿ, ಏಕೆಂದರೆ ದಿನದ ಕೊನೆಗೆ ಪಾದ ಹಿಗ್ಗಿರುತ್ತದೆ, ನಿಂತುಕೊಂಡು ಅಳತೆ ಕೊಡಿ, ದೊಡ್ಡ ಪಾದದ ಅಳತೆಗೆ ಕೊಳ್ಳಿ ಎಂಬ ಮೂರು ಮಾತುಗಳನ್ನೂ ಹೇಳಿದರು. ಅಥಣಿಯ ಕಡೆಯಿಂದ ಬರುವ ಉಂಗುಷ್ಠದ ಚರ್ಮದ ಚಪ್ಪಲಿಗಳೆಂದರೆ ನಮಗೆ ಪ್ರಾಣ. ಅವನ್ನು ತಂಗಿಯ ಮಗಳಿಗೆ ಕೊಟ್ಟುಬಿಟ್ಟೆವು.

ಸಂಕ್ರಾಂತಿಗೆ ಸಜ್ಜೆಯ ರೊಟ್ಟಿಯನ್ನು ನಾವೇ ಬಡಿದೆವು, ಕುರ್ಚಿಯ ಮೇಲೆ ಕುಳಿತು. ಬೆರಳಿನ ಬಾವು ಆರು ತಿಂಗಳಾದರೂ ಪೂರ್ತಿ ಇಳಿದಿರಲಿಲ್ಲ. ಬೆರಳು ನೆಟ್ಟಗಿದೆ, ಮತ್ತೆ ಮಡಚುವುದಿಲ್ಲ. ನಡುಗೀಲನ್ನೇ ಬೆಸೆದಿರುವುದರಿಂದ ಅದು ಹಾಗೆಯೇ ಇರತಕ್ಕದ್ದು. ಶಸ್ತ್ರಕ್ಕೆ ಮೊದಲು ಇದನ್ನು ಚೆನ್ನಾಗಿ ಕೇಳಿ ತಿಳಿದುಕೊಂಡಿರುವುದು ಒಳ್ಳೆಯದು, ಇಲ್ಲವಾದರೆ ಬೆರಳು ಕೆಟ್ಟಿತೆಂದು ವೃಥಾ ಮರುಗಬೇಕಾಗುತ್ತದೆ.

ಪತ್ತಾರರು ಆ ಎರಡು ತುಂಡುಗಳನ್ನೇ ಕರಗಿಸಿ, ಬೇಕಾದಾಗ ಹಿಗ್ಗಿಸಿ ತೆಗೆಯಬಹುದಾದ ಬಾಯಿ ತೆರೆದ ಉಂಗುರ ಮಾಡಿಕೊಟ್ಟಿದ್ದಾರೆ. 2024ರ ಕಾರಹುಣ್ಣಿಮೆಯ ದಿನ ಅದನ್ನು ಹಾಕಿಕೊಂಡು ಅತ್ತೆಯವರಿಗೆ ನಮಸ್ಕರಿಸಿದೆವು. ಅವರು ಬೆರಳಿನಿಂದ ತಡವಿ ನೋಡಿ, "ಬಿಗೀತದೇನು?" ಎಂದು ಕೇಳಿದರು. ಸ್ವಲ್ಪ ಬಿಗಿಯುತ್ತದೆ ಎಂದೆವು. "ಹಂಗಾದ್ರ ಸಂಜಿಗೆ ತಗದ ಇಡು" ಎಂದರು. ಸಂಜೆಗೆ ತೆಗೆದು ಕುಂಕುಮದ ಬಟ್ಟಲಿನ ಪಕ್ಕದಲ್ಲಿಟ್ಟೆವು.