ಟರ್ಮ್ 3, ವಾರ 6

ಅಡುಗೆಮನೆಯ ಮೊಳೆಗೆ ಒಂಟಿಕೊಪ್ಪಲ್ ಪಂಚಾಂಗ ತೂಗುಹಾಕಿದ್ದೇನೆ. ಊರಿಂದ ಯಾರು ಬಂದರೂ ಅವರ ಕೈಲಿ ಅಮ್ಮ ಕಳಿಸುತ್ತಾಳೆ. ಇಲ್ಲಿ ಅದರಿಂದ ಹೆಚ್ಚಿನ ಉಪಯೋಗವೇನಿಲ್ಲ. ಅದರ ಸೂರ್ಯೋದಯ ಮೈಸೂರು ಸೀಮೆಯದು, ರಾಹುಕಾಲವೂ ಆ ಕಡೆಯದೇ. ಅದು ವಸಂತ ಋತು ಎನ್ನುವಾಗ ನಮ್ಮ ಬೀದಿಯ ಮರಗಳು ಎಲೆ ಉದುರಿಸುತ್ತಿರುತ್ತವೆ. ಆದರೂ ಮೊಳೆಯನ್ನು ಖಾಲಿ ಬಿಡಲು ಮನಸ್ಸು ಬರುವುದಿಲ್ಲ. ಈ ಮನೆಯ ದಿನಗಳನ್ನು ನಿಜಕ್ಕೂ ನಡೆಸುವುದು ಪಕ್ಕದ ಫ್ರಿಜ್ಜಿನ ಬಾಗಿಲಿಗೆ ಅಂಟಿರುವ ಇನ್ನೊಂದು ಕಾಗದ, ಮಗಳ ಹೈಸ್ಕೂಲಿನ ಸುದ್ದಿಪತ್ರ. ಎರಡು ವಾರಕ್ಕೊಮ್ಮೆ ಗುರುವಾರ ಸಂಜೆ ಮೊಬೈಲಿಗೆ ಬರುತ್ತದೆ. ನಾನು ಹಟ ಹಿಡಿದು ಪ್ರಿಂಟ್ ತೆಗೆದು ಅಂಟಿಸುತ್ತೇನೆ.

ಅದರಲ್ಲಿ ತಾರೀಖಿಗಿಂತ ವಾರಕ್ಕೇ ಬೆಲೆ. ನ್ಯೂ ಸೌತ್ ವೇಲ್ಸಿನ ಶಾಲೆಗಳಿಗೆ ವರ್ಷಕ್ಕೆ ನಾಲ್ಕು ಟರ್ಮ್, ಒಂದೊಂದಕ್ಕೆ ಹೆಚ್ಚುಕಡಿಮೆ ಹತ್ತು ವಾರ. ಅದರ ಮೇಲೆ ನಮ್ಮ ಶಾಲೆಯ ವೇಳಾಪಟ್ಟಿಗೆ ಎ ವಾರ, ಬಿ ವಾರ ಎಂಬ ಶುಕ್ಲಪಕ್ಷ ಕೃಷ್ಣಪಕ್ಷಗಳು ಬೇರೆ. ಎ ವಾರದಲ್ಲಿ ಬುಧವಾರ ಆಟವಿದ್ದರೆ ಬಿ ವಾರದಲ್ಲಿ ಗಣಿತ. ಈಗ ನನಗೂ ಅಭ್ಯಾಸವಾಗಿದೆ. ದಂತವೈದ್ಯರ ಬಳಿ ಹೋಗುವುದು ಯಾವಾಗ ಎಂದು ಯಜಮಾನರು ಕೇಳಿದರೆ "ಆರನೇ ವಾರ, ಬಿ" ಎಂದು ಬಾಯಿಗೆ ಬಂದುಬಿಡುತ್ತದೆ.

ನಾವು ಇಲ್ಲಿಗೆ ಬಂದದ್ದು 491 ಎಂಬ ವೀಸಾದ ಮೇಲೆ. ದೊಡ್ಡ ನಗರಗಳನ್ನು ಬಿಟ್ಟು ಮೂರು ವರ್ಷ ಒಳನಾಡಿನಲ್ಲಿ ದುಡಿದು ಬದುಕಿದರೆ ಆಮೇಲೆ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು. ಯಜಮಾನರಿಗೆ ಕೌನ್ಸಿಲ್ಲಿನ ರಸ್ತೆ ವಿಭಾಗದಲ್ಲಿ ಕೆಲಸ. ಊರು ರಿವರಿನಾ ಸೀಮೆಯಲ್ಲಿದೆ, ವಾಗಾ ವಾಗಾದಿಂದ ಪಶ್ಚಿಮಕ್ಕೆ. ಗೋದಿ, ಕುರಿ, ಕ್ಯಾನೋಲಾ, ಮರಂಬಿಜಿ ನದಿಯ ನಾಲೆ ಹರಿದ ಕಡೆ ಭತ್ತ. ಕಣ್ಣೆದುರೇ ಭತ್ತ ಬೆಳೆದರೂ ನಾವು ಸೋನಾ ಮಸೂರಿಗಾಗಿ ಗ್ರಿಫಿತ್‌ನ ಪಂಜಾಬಿ ಅಂಗಡಿಗೆ ಕಾರು ಓಡಿಸುತ್ತೇವೆ, ಅದು ಬೇರೆ ಮಾತು. ನಾಲೆ ನೀರು ಯಾರಿಗೆ ಎಷ್ಟು ಎಂದು ಇಲ್ಲಿಯ ರೈತರು ಜಗಳ ತೆಗೆದಾಗ ಮಾತ್ರ ಮಂಡ್ಯದ ನೆಂಟರ ಜಗಲಿಯ ಮೇಲೆ ಕೂತ ಹಾಗಾಗುತ್ತದೆ.

ಮೊದಮೊದಲು ಈ ಪತ್ರ ನನಗೆ ಅರ್ಥವಾಗುತ್ತಿರಲಿಲ್ಲ. ಇಂಗ್ಲಿಷ್ ಬಾರದೆ ಅಲ್ಲ, ಬೆಂಗಳೂರಿನಲ್ಲಿ ಹನ್ನೊಂದು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತವಳು ನಾನು. 2023ರಲ್ಲಿ ಬಂದ ಮೊದಲ ಪತ್ರದಲ್ಲೇ, ಶುಕ್ರವಾರ ಮಫ್ತಿ ದಿನ, ಚಿನ್ನದ ನಾಣ್ಯದ ಕಾಣಿಕೆ ಎಂದಿತ್ತು. ನಮಗೆ ಮಫ್ತಿ ಎಂದರೆ ಪೊಲೀಸರು. ಮಫ್ತಿಯಲ್ಲಿ ಬಂದು ಚಿನ್ನ ಹಿಡಿದರು ಎಂಬ ಸುದ್ದಿಗಳನ್ನೇ ಓದಿ ಬೆಳೆದ ತಲೆಗೆ ಇದು ಸರ್ಕಾರಿ ಶಾಲೆಯ ಸಮಾಚಾರ ಎನ್ನಿಸಲೇ ಇಲ್ಲ. ಮಗಳ ನಾಮಕರಣಕ್ಕೆ ಬಂದಿದ್ದ ಒಂದು ಗ್ರಾಮಿನ ಲಕ್ಷ್ಮಿ ನಾಣ್ಯ ಎಲ್ಲಿಟ್ಟಿದ್ದೇನೆಂದು ಸೂಟ್‌ಕೇಸ್ ತಡಕಿದ್ದೂ ಆಯಿತು. ಕೊಡುವುದಕ್ಕಲ್ಲ, ಭದ್ರವಾಗಿದೆಯೇ ಎಂದು ನೋಡುವುದಕ್ಕೆ. ಆಮೇಲೆ ತಿಳಿಯಿತು. ಮಫ್ತಿ ಎಂದರೆ ಯೂನಿಫಾರಂ ಇಲ್ಲದೆ ಕಲರ್ ಡ್ರೆಸ್ಸಿನಲ್ಲಿ ಬರುವುದು. ಚಿನ್ನದ ನಾಣ್ಯವೆಂದರೆ ಹಳದಿ ಬಣ್ಣದ ಒಂದು ಡಾಲರ್, ಎರಡು ಡಾಲರ್ ಬಿಲ್ಲೆ. ಒಂದರದ್ದು 1984ರಲ್ಲಿ, ಎರಡರದ್ದು 1988ರಲ್ಲಿ ನೋಟಿನ ಬದಲಿಗೆ ಬಂದವು. ನೂರಕ್ಕೆ 92 ಪಾಲು ತಾಮ್ರ, ಉಳಿದದ್ದು ಅಲ್ಯೂಮಿನಿಯಂ ಮತ್ತು ನಿಕ್ಕಲ್. ಚಿನ್ನ ಸೊನ್ನೆ.

ನಿಧಾನಕ್ಕೆ ಪತ್ರದ ರುಚಿ ಹತ್ತಿತು. ಊರಿನ ಈಜುಕೊಳದಲ್ಲಿ ಫೆಬ್ರವರಿಯ ಈಜು ಪಂದ್ಯ, ಟೋಪಿ ಮರೆಯಬೇಡಿ. ಮಾರ್ಚಿನಲ್ಲಿ ಏಳು ಮತ್ತು ಒಂಬತ್ತನೇ ತರಗತಿಗೆ ನ್ಯಾಪ್ಲಾನ್ ಪರೀಕ್ಷೆ. ಏಪ್ರಿಲ್ 25ರ ಆನ್ಜಾಕ್ ದಿನ ಮೆರವಣಿಗೆಗೆ ಬರುವವರು ಪೂರ್ತಿ ಯೂನಿಫಾರಂನಲ್ಲಿರಬೇಕು. ಮಳೆಯಾದರೆ ಇಂಥಿಂಥ ಮಣ್ಣುರಸ್ತೆಗೆ ಶಾಲೆಯ ಬಸ್ಸು ಬರುವುದಿಲ್ಲ. ಅಕ್ಟೋಬರಿನಿಂದ ಫೋನ್ ನಿಷೇಧ. ಅದು ನಮ್ಮ ಶಾಲೆಯೊಂದರ ಕಟ್ಟಳೆಯಲ್ಲ, ರಾಜ್ಯದ ಸರ್ಕಾರಿ ಹೈಸ್ಕೂಲುಗಳಿಗೆಲ್ಲ 2023ರ ನಾಲ್ಕನೇ ಟರ್ಮಿನಿಂದ ಬಂದದ್ದು. ಮ್ಯಾಗ್‌ಪೈ ಹಕ್ಕಿಗಳು ಗೂಡು ಕಟ್ಟುವ ಕಾಲ, ಸೈಕಲ್ಲಿನಲ್ಲಿ ಬರುವವರು ಆ ದೊಡ್ಡ ನೀಲಗಿರಿ ಮರದ ಬುಡವನ್ನು ಬಳಸಿಕೊಂಡು ಬನ್ನಿ. ಇದನ್ನು ಓದಿ ನಕ್ಕಿದ್ದೆ. ಮಾರನೆಯ ದಿನ ಹಿಂದಿನಿಂದ ಹಾರಿಬಂದ ಹಕ್ಕಿಯೊಂದು ಯಜಮಾನರ ಕಿವಿಗೆ ಕೊಕ್ಕಿನಿಂದ ಕೊಟ್ಟಿತು. ಅಂದಿನಿಂದ ಪತ್ರದ ಒಂದು ಸಾಲನ್ನೂ ಹಗುರವಾಗಿ ತೆಗೆದುಕೊಳ್ಳುವುದಿಲ್ಲ.

ಊರಿನವರೂ ಇದನ್ನೇ ಓದುತ್ತಾರೆ, ಮಕ್ಕಳು ಶಾಲೆ ಬಿಟ್ಟು ಇಪ್ಪತ್ತು ವರ್ಷವಾದವರೂ. ಕೊರೊನಾ ಬಂದ 2020ರಲ್ಲಿ ಆಸ್ಟ್ರೇಲಿಯಾದ ಊರೂರಿನ ಪತ್ರಿಕೆಗಳು ಒಂದರ ಹಿಂದೊಂದು ಅಚ್ಚು ನಿಲ್ಲಿಸಿದವು. ನ್ಯೂಸ್ ಕಾರ್ಪ್ ಸಂಸ್ಥೆಯೊಂದೇ ನೂರಕ್ಕೂ ಹೆಚ್ಚು ಪತ್ರಿಕೆಗಳ ಮುದ್ರಣ ಕೈಬಿಟ್ಟಿತು. ಅಂಥ ಸೀಮೆಯಲ್ಲಿ ಯಾರ ಮಗ ಮರಗೆಲಸ ಕಲಿಯಲು ಸೇರಿದ, ಯಾರ ಮಗಳು ನೆಟ್‌ಬಾಲಿನಲ್ಲಿ ಆಯ್ಕೆಯಾದಳು ಎಂದು ಹೇಳುವವರು ಇನ್ನಾರು? ಹನ್ನೆರಡನೇ ತರಗತಿಯವರ ಫಾರ್ಮಲ್ ಎಂಬ ಬೀಳ್ಕೊಡುಗೆ ಔತಣದ ದಿನ ಪತ್ರದಲ್ಲಿ ಕೊಟ್ಟ ಹೊತ್ತಿಗೆ ಊರಿಗೆ ಊರೇ ಬಾಗಿಲ ಬಳಿ ಮಡಿಸುವ ಕುರ್ಚಿ ಹಾಕಿಕೊಂಡು ಕೂತಿರುತ್ತದೆ. ಹಳೇ ಕಾರು, ಲಾರಿ, ಟ್ರ್ಯಾಕ್ಟರ್ ಒಂದೊಂದಾಗಿ ಬರುತ್ತವೆ. ಹೋದ ಸಲ ಇಬ್ಬರು ಹುಡುಗಿಯರು ನೆಲ ಗುಡಿಸುವ ರೇಷ್ಮೆ ಗೌನ್ ಹಿಡಿದುಕೊಂಡು ಗೋದಿ ಕೊಯ್ಯುವ ಮನೆಯೆತ್ತರದ ಯಂತ್ರದ ಮೇಲಿಂದ ಮೆಟ್ಟಿಲಿಳಿದರು, ಥೇಟ್ ಉತ್ಸವಮೂರ್ತಿ ತೇರಿಳಿದ ಹಾಗೆ. ನನ್ನ ಪಕ್ಕದ ಅಜ್ಜಿ ಚಪ್ಪಾಳೆ ತಟ್ಟಿದ್ದು ಹುಡುಗಿಯರಿಗೋ ಯಂತ್ರಕ್ಕೋ ತಿಳಿಯಲಿಲ್ಲ.

ಪತ್ರದ ನೆತ್ತಿಯ ಮೇಲೆ ಪ್ರತಿ ಸಲವೂ, ಈ ಶಾಲೆ ನಿಂತಿರುವುದು ವಿರಾಜುರಿ ಜನರ ನೆಲದಲ್ಲಿ ಎಂದಿರುತ್ತದೆ. ದಿನಕ್ಕೆ ಹತ್ತು ಕಡೆ ಈ ಸಾಲು ಕಂಡು ಕಣ್ಣಿಗೆ ಜಡ್ಡು ಹಿಡಿದಿತ್ತು. ಒಮ್ಮೆ ಮಗಳು ಶಾಲೆಯಿಂದ ಎರಡು ಮಾತು ಕಲಿತು ಬಂದಳು. 'ಮಂದಾಂಗ್ ಗುವು' ಎಂದರೆ ಧನ್ಯವಾದ. 'ಯಿಂಡ್ಯಮರ್ರ' ಎಂಬುದಕ್ಕೆ ಗೌರವ ಎಂದೂ ಅರ್ಥ, ನಿಧಾನ ಎಂದೂ ಅರ್ಥ. ಆಡುವವರೇ ಇಲ್ಲದಂತಾಗಿದ್ದ ನುಡಿ ಅದು. ಸ್ಟಾನ್ ಗ್ರಾಂಟ್ ಸೀನಿಯರ್ ಎಂಬ ಹಿರಿಯರು ಜಾನ್ ರಡರ್ ಎಂಬ ಭಾಷಾತಜ್ಞರ ಜೊತೆ ಕೂತು ಅದಕ್ಕೊಂದು ನಿಘಂಟು ಮಾಡಿದ ಮೇಲೆ ಶಾಲೆಗಳಿಗೆ ಬಂತು. ಮನೆಯಲ್ಲಿ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ ವಿರಾಜುರಿಯಲ್ಲಿ ಧನ್ಯವಾದ ಹೇಳಿದಾಗ ನನಗೆ ಸಂತೋಷವೂ ಆಯಿತು, ಇನ್ನೂ ಏನೋ ಆಯಿತು.

2024ರಲ್ಲಿ ಅವಳು ಒಂಬತ್ತನೇ ತರಗತಿಗೆ ಕೃಷಿಯನ್ನು ಆರಿಸಿಕೊಂಡಳು. ಶಾಲೆಯ ಹಿಂದೆಯೇ ಒಂದಿಷ್ಟು ಜಮೀನಿದೆ, ಕುರಿ, ಕೋಳಿ, ದನಗಳಿವೆ. ಎರಡನೇ ಟರ್ಮಿನ ಮೊದಲ ಪತ್ರದಲ್ಲಿ ಒಂದು ಚಿತ್ರ ಬಂತು. ಕಪ್ಪು ಆಂಗಸ್ ಹೋರಿಕರು, ಬೀಜ ಒಡೆಸಿದ್ದು, ಅದರ ಹಗ್ಗ ಹಿಡಿದ ನಾಲ್ಕು ಮಕ್ಕಳು, ತುದಿಯಲ್ಲಿ ನಮ್ಮವಳು. ಷೋಗೆ ಹೋಗುವ ತಂಡವಂತೆ. ಕರುವಿಗೆ ಮಕ್ಕಳೇ ಹೆಸರಿಟ್ಟಿದ್ದರು, ಗ್ರೇವಿ. ಬಣ್ಣ ನೋಡಿ ಇಟ್ಟಿರಬೇಕೆಂದುಕೊಂಡೆ. ರೊಟ್ಟಿಯ ಜೊತೆ ಬರುವ ಗ್ರೇವಿ ಬಿಟ್ಟು ಬೇರೆ ಗ್ರೇವಿ ನನಗೆ ಆಗ ಹೊಳೆಯಲಿಲ್ಲ. ಹೆಸರಿಟ್ಟ ದಿನವೇ ಆ ಮಕ್ಕಳು ಕೊನೆಯನ್ನೂ ಹೇಳಿಬಿಟ್ಟಿದ್ದರು.

ಚಳಿಗಾಲವಿಡೀ ಅವಳು ಏಳೂವರೆಗೆ ಶಾಲೆಯಲ್ಲಿರುತ್ತಿದ್ದಳು. ಹುಲ್ಲಿನ ಮೇಲೆ ಇಬ್ಬನಿ ಬೆಳ್ಳಗೆ ಹೆಪ್ಪುಗಟ್ಟಿರುತ್ತಿತ್ತು. ಮೊದಲು ಕಟ್ಟಿಹಾಕಿ ಮೈಮುಟ್ಟುವ ಅಭ್ಯಾಸ, ಆಮೇಲೆ ಹಗ್ಗ ಹಿಡಿದು ನಡೆಸುವುದು, ಆಮೇಲೆ ನಿಲ್ಲಿಸುವುದು. ಉದ್ದನೆಯ ಕೋಲಿನಿಂದ ಹೊಟ್ಟೆಯ ಕೆಳಗೆ ಮೆಲ್ಲಗೆ ಕೆರೆದರೆ ಸಮಾಧಾನವಾಗುತ್ತದೆ, ಅದೇ ಕೋಲಿನಿಂದ ಗೊರಸು ಮುಟ್ಟಿದರೆ ಕಾಲು ಸರಿಯಾಗಿ ಊರುತ್ತದೆ. ಶಾಂಪೂ ಹಾಕಿ ಮೀಯಿಸಿ, ಬ್ಲೋವರಿನಿಂದ ಒಣಗಿಸಿ, ಕೂದಲನ್ನು ಮೇಲ್ಮುಖ ಬಾಚುತ್ತಾರೆ. ನಮ್ಮ ಹಳೆಯ ಟವೆಲ್ಲುಗಳೆಲ್ಲ ಅಲ್ಲಿಗೇ ಹೋದವು.

ಮಾಗಡಿಯಲ್ಲಿರುವ ಅಪ್ಪನಿಗೆ ಅವಳು ವೀಡಿಯೊ ಕಾಲಿನಲ್ಲಿ ತೋರಿಸಿದಳು. ಹಳ್ಳಿಕಾರ್ ಎತ್ತುಗಳ ಜೊತೆಗೇ ಬದುಕಿದವರು ಅಪ್ಪ. ಫೋನನ್ನು ಕಣ್ಣ ಹತ್ತಿರ ಹಿಡಿದು ತುಂಬ ಹೊತ್ತು ನೋಡಿದರು.

"ಕೊಂಬಿಲ್ಲ, ಹಿಣಿಲಿಲ್ಲ, ಗಂಗೆದೊಗಲೂ ಕಾಣಾಕಿಲ್ಲ. ಇದೆಂತಾ ಹೋರಿಯವ್ವಾ?"

"ಇದು ಹೀಗೇ ಇರೋದು ತಾತ."

"ಎಷ್ಟು ಹಲ್ಲು?"

ಅವಳಿಗೆ ಗೊತ್ತಿತ್ತು! ಹಾಲುಹಲ್ಲು ಬಿದ್ದಿರಬಾರದು ಎಂಬುದು ಅವರ ಪಂದ್ಯದ ನಿಯಮ. ಅಪ್ಪನ ಮುಖ ಅರಳಿತು. ಅಂದಿನಿಂದ ಭಾನುವಾರದ ಫೋನಿನಲ್ಲಿ ನಮ್ಮ ಯೋಗಕ್ಷೇಮದ ಮಾತೇ ಇಲ್ಲ. "ಹೋರಿ ಹೆಂಗೈತೆ? ಸುಳಿ ನೋಡಿದ್ರಾ?" ಇವರು ಸುಳಿ ನೋಡುವುದಿಲ್ಲವೆಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಇದೆ ತಾತ, ಚೆನ್ನಾಗಿದೆ ಎಂದಳು.

ಅಪ್ಪನ ಜೊತೆ ನಾನು ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋಗಿದ್ದೆ. ಎತ್ತುಗಳಿಗೆ ಮೀಯಿಸಿ, ಕೊಂಬು ಹೆರೆದು ಎಣ್ಣೆ ಸವರಿ, ಕಳಸ ತೊಡಿಸಿ ನಿಲ್ಲಿಸಿರುತ್ತಿದ್ದರು. ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ. ಪಕ್ಕದಲ್ಲಿ ನಿಂತವನಿಗೂ ಬೆಲೆ ತಿಳಿಯದು. ಅದು ಜಾತ್ರೆಯ ಮಾತಾಯಿತು. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಬಾಯಿಗೂಡಿ ವರ್ಷಗಳಾಗಿದ್ದ ನಮ್ಮ ಎಡಗಡೆಯ ಎತ್ತು ಉಳುವಾಗ ಕುಸಿದು ಕೂರತೊಡಗಿತು. ಒಂದು ಬೆಳಿಗ್ಗೆ ಅಪ್ಪ ಅದನ್ನು ಸಂತೆಗೆ ಹೊಡೆದುಕೊಂಡು ಹೋದರು. ಸಂಜೆ ಬಂದಾಗ ಹೆಗಲ ಮೇಲೆ ಹಗ್ಗ ಮಾತ್ರ ಇತ್ತು. ಅಮ್ಮ ಕಾಲಿಗೆ ನೀರು ಕೊಟ್ಟಳು. ಯಾರಿಗೆ ಕೊಟ್ಟೆ ಎಂದು ಕೇಳಲಿಲ್ಲ. ನಾವು ಮಕ್ಕಳೂ ಕೇಳಲಿಲ್ಲ. ಆ ಸಂತೆಗೆ ಯಾವ ಊರುಗಳ ಲಾರಿ ಬರುತ್ತವೆಂದು ನನಗೆ ಗೊತ್ತಿತ್ತು, ಅಮ್ಮನಿಗೆ ಗೊತ್ತಿಲ್ಲದೆ ಇರುತ್ತದೆಯೇ?

ಷೋ ಇದ್ದದ್ದು ಮೂರನೇ ಟರ್ಮಿನ ಆರನೇ ವಾರದಲ್ಲಿ. ಕ್ಯಾನೋಲಾ ಹೂ ಬಿಟ್ಟು ದಾರಿಯುದ್ದಕ್ಕೂ ಅರಿಸಿನ ಚೆಲ್ಲಿದ ಹಾಗಿತ್ತು. ಬಿಳಿ ಷರಟು, ಶಾಲೆಯ ಟೈ ಕಟ್ಟಿದ ಮಗಳು ಗ್ರೇವಿಯನ್ನು ಅಖಾಡದಲ್ಲಿ ಎರಡು ಸುತ್ತು ನಡೆಸಿದಳು. ಅಳತೆಗೋಲಿನಂಥ ಕಣ್ಣಿನ ತೀರ್ಪುಗಾರ ಬೆನ್ನಿನ ಮೇಲೆ, ಪಕ್ಕೆಯ ಮೇಲೆ ಅಂಗೈ ಒತ್ತಿ ನೋಡಿದ. ಗ್ರೇವಿಗೆ ಎರಡನೇ ಸ್ಥಾನ ಬಂತು. ಈ ಸುತ್ತಿಗೆ 'ಹೂಫ್' ಎನ್ನುತ್ತಾರೆ, ಗೊರಸಿನ ಮೇಲೆ ನಿಂತಿರುವಾಗ ನೋಡುವುದು. ಅದಾದ ಮೇಲೆ ಹರಾಜು. ಅದಾದ ಮೇಲೆ 'ಹುಕ್'. ಕೊಕ್ಕೆಗೆ ಹಾಕಿದ ಮೇಲೆ ನೋಡುವುದು.

ನಿಮಗೆ ಈಗ ಯಾವ ಹಾಡು ನೆನಪಾಗುತ್ತಿದೆಯೆಂದು ನನಗೆ ಗೊತ್ತು. ನನಗೂ ಅದೇ ನೆನಪಾಯಿತು. ಅವಳಿಗೆ ಅದನ್ನು ಹೇಳಿಕೊಟ್ಟವಳೂ ನಾನೇ, ಮೂರು ವರ್ಷದವಳನ್ನು ತೊಡೆಯ ಮೇಲೆ ಕೂರಿಸಿಕೊಂಡು. ಷೋ ಮೈದಾನದಿಂದ ಮನೆಗೆ ಬರುವಾಗ ಕಾರಿನಲ್ಲಿ ಅವಳು ಮಾತಾಡಲಿಲ್ಲ. ಚೀಲದಲ್ಲಿ ಸಗಣಿ ಮೆತ್ತಿದ ಹಗ್ಗವಿತ್ತು, ತೊಳೆದು ಸೋಮವಾರ ಶಾಲೆಗೆ ಒಪ್ಪಿಸಬೇಕಂತೆ. ಬಚ್ಚಲಲ್ಲಿ ತುಂಬ ಹೊತ್ತು ನೀರಿನ ಸದ್ದು ಕೇಳುತ್ತಿತ್ತು. ಒಂದು ಹಗ್ಗಕ್ಕೆ ಅಷ್ಟು ನೀರು ಬೇಕಾಗಿರಲಿಲ್ಲ.

ಮುಂದಿನ ಸುದ್ದಿಪತ್ರದ ಮೊದಲ ಪುಟದಲ್ಲೇ ಫಲಿತಾಂಶ ಬಂತು. ಅಭಿನಂದನೆಗಳು, ಗೊರಸಿನ ಮೇಲೆ ಎರಡನೆಯ, ಕೊಕ್ಕೆಯ ಮೇಲೆ ಮೊದಲನೆಯ ಸ್ಥಾನ. ಎಡಕ್ಕೆ ನೀಲಿ ರಿಬ್ಬನ್ ಹಿಡಿದ ಮಕ್ಕಳ ಚಿತ್ರ. ಬಲಕ್ಕೆ ಒಂದು ಪಟ್ಟಿಯಲ್ಲಿ ಮಾಂಸದ ತೂಕ, ಚಪ್ಪೆಯ ಮೇಲಿನ ಕೊಬ್ಬು ಎಷ್ಟು ಮಿಲಿಮೀಟರ್, ಬೆನ್ನಿನ ಸ್ನಾಯು ಎಷ್ಟು ಚದರ ಸೆಂಟಿಮೀಟರ್, ಬಣ್ಣ ಹೇಗೆ. ಅದರ ಕೆಳಗೆ ಕ್ಯಾಂಟೀನಿಗೆ ಸ್ವಯಂಸೇವಕರು ಬೇಕಾಗಿದ್ದಾರೆ ಎಂಬ ಪ್ರಕಟಣೆ. ಓದುತ್ತ ನನಗೆ ಒಳಗೊಳಗೇ ಸಿಟ್ಟು ಬಂತು. ಯಾರ ಮೇಲೆ ಎಂದು ಹೇಳಲಾರೆ. ಅಂಕಿಯಲ್ಲಿ ಅಚ್ಚು ಹಾಕಿದವರ ಮೇಲೋ, ಹಗ್ಗವನ್ನು ನೋಡಿಯೂ ಸುಮ್ಮನಿದ್ದ ನಮ್ಮ ಮನೆಯ ಮೇಲೋ. ಮಗಳು ಹಿಂದಿನಿಂದ ಬಂದು ಪಟ್ಟಿಯ ಮೇಲೆ ಬೆರಳಿಟ್ಟಳು. "ಅಮ್ಮ, ಸ್ನಾಯು ನೋಡು. ನಾವು ಅಂದಾಜು ಮಾಡಿದ್ದಕ್ಕಿಂತ ಜಾಸ್ತಿ." ದನಿ ಗಟ್ಟಿಯಾಗಿತ್ತು, ಲೆಕ್ಕ ಸರಿಬಂದವರ ದನಿ. ಬೆರಳು ಮಾತ್ರ ಆ ಸಾಲಿನಿಂದ ಬೇಗ ಏಳಲಿಲ್ಲ.

ನಮ್ಮ ಮನೆಯಲ್ಲಿ ಕೋಳಿ, ಕುರಿ ಉಂಟು, ದನ ಇಲ್ಲ. ಹೊರಗೆ ಗೆಳತಿಯರ ಜೊತೆ ಅವಳು ಏನು ತಿನ್ನುತ್ತಾಳೋ ನಾನು ಈವರೆಗೂ ಕೇಳಿಲ್ಲ. ಪೋಷಕರ ಸಂಘದ ಸಾಸೇಜ್ ಸುಡುವ ಸರದಿ ಆ ತಿಂಗಳು ನನ್ನದಾಗಿತ್ತು. ಅವಳು ಸಾಲಿನಲ್ಲಿ ಬಂದು, ಯಾರೋ ಗುರುತಿಲ್ಲದವರನ್ನು ಕೇಳುವ ಹಾಗೆ, "ಬ್ರೆಡ್ಡಿಗೆ ಬರೀ ಈರುಳ್ಳಿ" ಎಂದಳು. ಹಾಕಿ ಕೊಟ್ಟೆ. ಚಿನ್ನದ ನಾಣ್ಯ ಕೊಟ್ಟು ಹೋದಳು.

ಆ ಭಾನುವಾರ ಅಪ್ಪನ ಫೋನ್ ಬಂತು. ಬಹುಮಾನದ ವಿಷಯ ಅವರಿಗೆ ಮೊದಲೇ ಮುಟ್ಟಿತ್ತು.

"ಎಷ್ಟಕ್ಕೋಯ್ತವ್ವ?"

"ಕೆಜಿಗೆ ಇಷ್ಟು ಡಾಲರ್ ಅಂತ ಹೋಯ್ತು ತಾತ. ಒಟ್ಟು ಎಷ್ಟಾಯ್ತು ಅಂದ್ರೆ..."

"ಕೆಜಿ ಲೆಕ್ಕಾನಾ?"

ಅವಳು ಹೂಂ ಎಂದಳು. ಆ ಕಡೆ ಸದ್ದಿಲ್ಲ. ಕಾಲ್ ಕಟ್ಟಾಯಿತೇನೋ ಎಂದು ನಾನು ಬಗ್ಗಿ ನೋಡಿದೆ. ಅಪ್ಪ ಇದ್ದರು, ಫೋನನ್ನು ಬಿಟ್ಟು ಬೇರೆಲ್ಲೋ ನೋಡುತ್ತಿದ್ದರು, ಕೊಟ್ಟಿಗೆ ಇದ್ದ ಕಡೆ ಇರಬೇಕು.

"ಹೊಸ ಕರ ಯಾವಾಗ ಬರ್ತದೆ?"

"ಮುಂದಿನ ಟರ್ಮ್, ಎರಡನೇ ವಾರ."

"ಹಲ್ಲು ನೋಡಿ ತಗೊಳ್ರವ್ವ" ಎಂದರು. ಅಷ್ಟರಲ್ಲಿ ಅಮ್ಮ ಫೋನ್ ಕಿತ್ತುಕೊಂಡು, ಇವತ್ತು ಏನಡುಗೆ ಎಂದು ನನ್ನನ್ನು ಕೇಳಿದಳು.