ನಮ್ಮ ಮುಖ ಬಯಲಿಗೆ, ಅವರ ಕಡತ ಬೀರುವಿಗೆ

ಸ್ವಲ್ಪ ಉದ್ದದ ಪೋಸ್ಟು. ಪುರುಸೊತ್ತು ಮಾಡ್ಕೊಂಡು ಓದಿ.

ಡಿಪಿಡಿಪಿ ಕಾಯ್ದೆ ಅಂದ ತಕ್ಷಣ ನಮ್ಮ ಸಂಘಟನೆಗಳಲ್ಲೇ ಬಹಳ ಜನ "ಅದು ಗೂಗಲ್, ಫೇಸ್‌ಬುಕ್‌ನವರ ಕಥೆ, ನಮಗೇನು" ಅಂತಾರೆ. ಪೂರ್ತಿ ಹೆಸರು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023. ಹೆಸರೇ ಬಾಯಲ್ಲಿ ನಿಲ್ಲಲ್ಲ, ಬೇರೆ ಮಾತೇನು. ಆದರೆ ಈ ಕಾಯ್ದೆಯ ಕೊಟ್ಟಕೊನೆಯಲ್ಲಿ ಸೆಕ್ಷನ್ 44(3) ಅಂತ ಒಂದು ಪುಟ್ಟ ಸಾಲಿದೆ. ಅದು ಗೂಗಲ್‌ನ ಕೂದಲೂ ಮುಟ್ಟಲ್ಲ. ಅದು ಕೈ ಹಾಕಿರೋದು 2005ರ ಮಾಹಿತಿ ಹಕ್ಕು ಕಾಯ್ದೆಗೆ.

ಆರ್‌ಟಿಐನಲ್ಲಿ 8(1)(ಜೆ) ಅಂತ ಒಂದು ಸೆಕ್ಷನ್ ಇತ್ತು, ಅರ್ಜಿ ಹಾಕಿದವರಿಗೆಲ್ಲ ಗೊತ್ತಿರುತ್ತೆ. ವೈಯಕ್ತಿಕ ಮಾಹಿತಿಯನ್ನ ಕೊಡದೇ ಇರಬಹುದು, ಆದರೆ ಅದಕ್ಕೂ ಸಾರ್ವಜನಿಕ ಕೆಲಸಕ್ಕೂ ಸಂಬಂಧವೇ ಇರಬಾರದು, ಇಲ್ಲವೇ ಕೊಟ್ಟರೆ ವಿನಾಕಾರಣ ಒಬ್ಬರ ಖಾಸಗಿ ಬದುಕಿಗೆ ನುಗ್ಗಿದಂತಾಗಬೇಕು. ಆಗಲೂ ಸಾರ್ವಜನಿಕ ಹಿತ ದೊಡ್ಡದು ಅನ್ನಿಸಿದರೆ ಅಧಿಕಾರಿ ಕೊಡಬಹುದು. ಅದರ ಕೆಳಗೆ ಇನ್ನೊಂದು ಮಾತಿತ್ತು, ನನಗೆ ಇಡೀ ಕಾಯ್ದೆಯಲ್ಲಿ ಬಹಳ ಇಷ್ಟವಾದ ಮಾತು ಅದು: ಸಂಸತ್ತಿಗೆ, ಶಾಸನಸಭೆಗೆ ಇಲ್ಲ ಅನ್ನಲಾಗದ ಮಾಹಿತಿಯನ್ನ ಯಾವ ಮನುಷ್ಯನಿಗೂ ಇಲ್ಲ ಅನ್ನಬಾರದು ಅಂತ. ಎಂಎಲ್‌ಎಗೆ ಎಷ್ಟು ಹಕ್ಕೋ ನಮ್ಮ ಕೇರಿಯ ಮುದುಕಿಗೂ ಅಷ್ಟೇ ಹಕ್ಕು ಅಂತ ತಾನೇ ಇದರರ್ಥ?

44(3) ಇದೆಲ್ಲವನ್ನೂ ಕಿತ್ತು ಹಾಕಿ, ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ್ದು ಅಂದರೆ ಸಾಕು, ಕೊಡಬೇಕಾಗಿಲ್ಲ ಅಂತ ಮಾಡಿತು. ಷರತ್ತೂ ಇಲ್ಲ, ತೂಕವೂ ಇಲ್ಲ.

ಇನ್ನೊಂದು ವಿಷಯ ಗಮನಿಸಿ. ಕಾಯ್ದೆ ಪಾಸಾಗಿದ್ದು 2023ರ ಆಗಸ್ಟಲ್ಲಿ. ನಿಯಮಗಳು ಬಂದಿದ್ದು 2025ರ ನವೆಂಬರಲ್ಲಿ. ಕಂಪನಿಗಳು ನಿಮ್ಮ ಒಪ್ಪಿಗೆ ಕೇಳಬೇಕು, ಮಾಹಿತಿ ಸೋರಿದರೆ ನಿಮಗೆ ಹೇಳಬೇಕು ಅನ್ನೋ ಭಾಗಕ್ಕೆ 18 ತಿಂಗಳ ಟೈಮು ಕೊಟ್ಟಿದ್ದಾರೆ. ಪಾಪ, ಕಂಪನಿಗಳು ತಯಾರಾಗಬೇಕಲ್ಲ! ಆರ್‌ಟಿಐನ ಕೈ ಕತ್ತರಿಸೋ ಭಾಗ ಮಾತ್ರ ಕೂಡಲೇ ಜಾರಿ. ಅದಕ್ಕೆ ಒಂದು ದಿನದ ತಯಾರಿಯೂ ಬೇಕಾಗಲಿಲ್ಲ.

ನಿಯಮ ಬಂದು ಎರಡು ವಾರ ಆಗಿರಲಿಲ್ಲ, ನನ್ನ ಒಂದು ಅರ್ಜಿಗೆ ಹಿಂಬರಹ ಬಂತು. ನಾನು ಕೇಳಿದ್ದು ಇಷ್ಟೇ: ಒಂದು ತಾಲ್ಲೂಕಿನಲ್ಲಿ ಮೂರು ವರ್ಷದಲ್ಲಿ ಎಸ್‌ಸಿಎಸ್‌ಪಿ ಹಣದಲ್ಲಿ ಕೊರೆಸಿದ ಬೋರ್‌ವೆಲ್‌ಗಳ ಪಟ್ಟಿ. ಫಲಾನುಭವಿಯ ಹೆಸರು, ಊರು, ಸರ್ವೆ ನಂಬರ್, ಕೊರೆಸಿದ ಏಜೆನ್ಸಿ, ಬಿಲ್ ಮೊತ್ತ. ಆಧಾರ್ ನಂಬರ್ ಕೇಳಿಲ್ಲ, ಬ್ಯಾಂಕ್ ಖಾತೆ ಕೇಳಿಲ್ಲ. ಉತ್ತರ ಎರಡೇ ಸಾಲು. "ತಾವು ಕೋರಿರುವ ಮಾಹಿತಿಯು ವೈಯಕ್ತಿಕ ಮಾಹಿತಿಯಾಗಿರುವುದರಿಂದ ನೀಡಲು ಅವಕಾಶವಿರುವುದಿಲ್ಲ." ಏಜೆನ್ಸಿಯ ಹೆಸರೂ ವೈಯಕ್ತಿಕವಂತೆ, ಬಿಲ್ಲೂ ವೈಯಕ್ತಿಕವಂತೆ. ಆ ತಾಲ್ಲೂಕಿನಲ್ಲಿ ನಮ್ಮವರ ಹೆಸರಲ್ಲಿ ಕೊರೆದ ಬೋರಿನ ಪೈಪು ಯಾರ ಅಡಿಕೆ ತೋಟಕ್ಕೆ ಹೋಗಿದೆ ಅಂತ ಕುರಿ ಕಾಯೋ ಹುಡುಗರನ್ನ ಕೇಳಿದರೂ ಹೇಳ್ತಾರೆ. ಕಾಗದದ ಮೇಲೆ ತೋರಿಸಬೇಕು ಅಂದಾಗ ಮಾತ್ರ ಅದು ಗುಟ್ಟು.

ಮೊದಲೆಲ್ಲ ಸಲೀಸಾಗಿ ಕೊಡ್ತಿದ್ರು ಅಂತ ಅಲ್ಲ. 2012ರ ಗಿರೀಶ್ ದೇಶಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ನೌಕರನೊಬ್ಬನ ಸೇವಾ ವಿವರ, ಆಸ್ತಿ ವಿವರ ವೈಯಕ್ತಿಕ ಅಂದ ಮೇಲೆ ಪ್ರತಿ ಕಚೇರಿಯಲ್ಲೂ ಅದನ್ನೇ ಹಿಡ್ಕೊಂಡು ತಪ್ಪಿಸ್ಕೊಳ್ತಿದ್ರು. ಆದರೂ ಮೇಲ್ಮನವಿಗೆ ಹೋದರೆ "ಇಲ್ಲಿ ಸಾರ್ವಜನಿಕ ಹಿತ ಇದೆ" ಅಂತ ವಾದ ಮಾಡೋಕೆ ಆ ಸೆಕ್ಷನ್ನಿನಲ್ಲೇ ಜಾಗ ಇತ್ತು. ಈಗ ಆ ಜಾಗಕ್ಕೇ ಮಣ್ಣು ಮುಚ್ಚಿದ್ದಾರೆ.

ಹೊಸಬರಿಗೆ ಒಂದು ಹಳೇ ವಿಷಯ ಹೇಳಬೇಕು. ಆರ್‌ಟಿಐ ಹುಟ್ಟಿದ್ದು ದೆಹಲಿಯ ಎಸಿ ರೂಮಲ್ಲಿ ಅಲ್ಲ. 1994ರಲ್ಲಿ ರಾಜಸ್ಥಾನದ ಹಳ್ಳಿಗಳಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಬರ ಪರಿಹಾರದ ಕೆಲಸದ ಹಾಜರಿ ಪಟ್ಟಿಯನ್ನ ಬಯಲಲ್ಲಿ ಕೂತು ಜೋರಾಗಿ ಓದಿದ್ರು. ಹೆಸರು ಓದೋದು, ಜನ ಕೂಗೋದು. ಇವನು ಸತ್ತು ಎಷ್ಟೋ ವರ್ಷ ಆಯ್ತು, ಇವಳು ಊರಲ್ಲೇ ಇಲ್ಲ, ನಾನು ಈ ಕೆಲಸಕ್ಕೆ ಹೋಗೇ ಇಲ್ಲ. 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ 40 ದಿನ ಧರಣಿ ಕೂತರು. ಹೆಸರು ಓದೋದೇ ಆ ಚಳವಳಿಯ ಜೀವ. ಹೆಸರಿಲ್ಲದ ಪಟ್ಟಿ ತಗೊಂಡು ಏನು ಓದ್ತೀರಿ? "ಫಲಾನುಭವಿಗಳು: 46" ಅಂತ ಓದಿದರೆ ಯಾರು ಎದ್ದು ನಿಂತು "ಸುಳ್ಳು" ಅಂತಾರೆ?

ನಮ್ಮ ರಾಜ್ಯದಲ್ಲಿ 2013ರ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ಇದೆ. ಜನಸಂಖ್ಯೆಗೆ ತಕ್ಕ ಹಣ ನಮಗೇ ಖರ್ಚಾಗಬೇಕು ಅಂತ. ಹಣವನ್ನ ಬೇರೆ ಕಡೆ ಸುರಿದು ನಮ್ಮ ಲೆಕ್ಕದಲ್ಲಿ ಬರೆಯೋಕೆ ಅವಕಾಶ ಕೊಟ್ಟಿದ್ದ 7(ಡಿ) ಸೆಕ್ಷನ್ ತೆಗೆಸೋಕೆ ವರ್ಷಗಟ್ಟಲೆ ಕೂಗಿ ಕೂಗಿ 2023ರಲ್ಲಿ ತೆಗೆಸಿದ್ವಿ. ಈಗ ಆ ಹಣ ಯಾರ ಮನೆ ಬಾಗಿಲಿಗೆ ತಲುಪ್ತು ಅಂತ ನೋಡೋಕೇ ಬಿಡಲ್ಲ ಅಂದ್ರೆ ಆ ಗೆಲುವನ್ನ ಏನು ಮಾಡೋಣ, ಫ್ರೇಮ್ ಹಾಕಿಸೋಣವಾ?

ಈಗ ಇನ್ನೊಂದು ಕಡೆ ನೋಡಿ.

ನಮ್ಮ ಚಿಕ್ಕವ್ವ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗ್ತಾರೆ. 2023ರ ಜನವರಿಯಿಂದ ಎನ್‌ಎಂಎಂಎಸ್ ಆ್ಯಪ್ ಕಡ್ಡಾಯ. ಬೆಳಿಗ್ಗೆ ಒಂದು ಫೋಟೋ, ಮಧ್ಯಾಹ್ನ ಒಂದು ಫೋಟೋ, ಜಾಗದ ಜಿಪಿಎಸ್ ಸಮೇತ. ಕಾಯಕ ಬಂಧು ಮೊಬೈಲ್ ಎತ್ತಿ ಹಿಡೀಬೇಕು, ಇವರೆಲ್ಲ ಸಾಲಾಗಿ ನಿಲ್ಲಬೇಕು. "ಮಗಾ, ನನ್ ಮದ್ವೇಲೇ ಇಷ್ಟ್ ಫೋಟೋ ತೆಗ್ದಿರ್ಲಿಲ್ಲ ಕಣೋ" ಅಂತ ನಗ್ತಾರೆ. ಒಂದು ದಿನ ಕೆರೆ ಅಂಗಳದಲ್ಲಿ ನೆಟ್‌ವರ್ಕ್ ಸಿಗದೆ ಮಧ್ಯಾಹ್ನದ ಫೋಟೋ ಹೋಗಲೇ ಇಲ್ಲ. ಗುಂಡಿ ತೋಡಿದ್ದು ನಿಜ, ಬೆವರು ನಿಜ, ಕೂಲಿ ಮಾತ್ರ ಇಲ್ಲ. 370 ರೂಪಾಯಿ. ಆವತ್ತು ನಗಲಿಲ್ಲ. "ನಾವೇನ್ ಕಳ್ರಾ ಮಗಾ, ದಿನಾ ಮಕ ತೋರ್ಸಕ್ಕೆ?" ಅಂದರು.

ಆ ಫೋಟೋಗಳು ಸರ್ಕಾರದ ವೆಬ್‌ಸೈಟಲ್ಲಿವೆ. ಪಾಸ್‌ವರ್ಡ್ ಬೇಡ, ಯಾರು ಬೇಕಾದರೂ ನೋಡಬಹುದು. ಕೂಲಿಯವರ ಹೆಸರು, ಜಾಬ್ ಕಾರ್ಡ್ ನಂಬರ್, ಎಷ್ಟು ದಿನ ದುಡಿದರು, ಎಲ್ಲ ಅಲ್ಲಿದೆ. ಪಟ್ಟಿ ಇರಲಿ, ಇರಲೇಬೇಕು. ಸತ್ತವರ ಹೆಸರಲ್ಲಿ ಎನ್‌ಎಂಆರ್ ತೆಗೆದು ಜೆಸಿಬಿಯಲ್ಲಿ ಕೆಲಸ ಮುಗಿಸಿದ್ದು ಗೊತ್ತಾಗೋದೇ ಅದರಿಂದ. ನನ್ನ ಪ್ರಶ್ನೆ ಬೇರೆ. ಹೆಂಗಸರ ಮುಖ ದಿನಕ್ಕೆರಡು ಸಲ ಲೋಕಕ್ಕೆ ತೋರಿಸೋದು ವೈಯಕ್ತಿಕ ಅಲ್ಲ, ಎಂ.ಬಿ. ಪುಸ್ತಕದಲ್ಲಿ ಅಳತೆ ಬರೆದು ಸಹಿ ಹಾಕಿದ ಇಂಜಿನಿಯರ್ ಯಾರು ಅನ್ನೋದು ವೈಯಕ್ತಿಕ, ಇದು ಯಾವ ಸೀಮೆ ನ್ಯಾಯ?

ಕಳ್ಳತನ ನಿಂತಿತಾ ಅಂದ್ರೆ ಅದೂ ಇಲ್ಲ. 2025ರ ಜುಲೈಯಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ರಾಜ್ಯಗಳಿಗೆ ಪತ್ರ ಬರೆದು, ಈ ಆ್ಯಪಿಗೆ ಸಂಬಂಧವೇ ಇಲ್ಲದ ಫೋಟೋ ಹಾಕ್ತಿದ್ದಾರೆ, ಫೋಟೋದ ಫೋಟೋ ತೆಗೆದು ಹಾಕ್ತಿದ್ದಾರೆ ಅಂತ ಒಪ್ಪಿಕೊಂಡಿತು. ಹಣ ಹೊಡೆಯೋರಿಗೆ ದಾರಿ ಗೊತ್ತು. ನೆಟ್‌ವರ್ಕ್ ಇಲ್ಲದೆ ಕೂಲಿ ಕಳ್ಕೊಂಡವರು ಚಿಕ್ಕವ್ವನಂಥವರು.

ಹಾಗಾದ್ರೆ ಹೊಸ ಕಾಯ್ದೆ ಚಿಕ್ಕವ್ವನ ಮುಖವನ್ನ ಕಾಪಾಡುತ್ತಾ? ಸೆಕ್ಷನ್ 7 ಓದಿ. ಸರ್ಕಾರ ಸಬ್ಸಿಡಿ, ಸವಲತ್ತು, ಪ್ರಮಾಣಪತ್ರ, ಲೈಸೆನ್ಸ್ ಕೊಡೋದಕ್ಕೆ ನಿಮ್ಮ ಮಾಹಿತಿ ಬಳಸಿದರೆ ಒಪ್ಪಿಗೆ ಬೇಕಾಗಿಲ್ಲ ಅನ್ನೋ ದಾರಿ ಅಲ್ಲಿದೆ. ಸೆಕ್ಷನ್ 17ರಲ್ಲಿ ಭದ್ರತೆ, ಸಾರ್ವಜನಿಕ ಶಾಂತಿ ಹೆಸರಲ್ಲಿ ಯಾವ ಸರ್ಕಾರಿ ಸಂಸ್ಥೆಗಾದರೂ ಕೇಂದ್ರ ಪೂರ್ತಿ ವಿನಾಯಿತಿ ಕೊಡಬಹುದು. ಕಂಪನಿ ತಪ್ಪು ಮಾಡಿದರೆ 250 ಕೋಟಿವರೆಗೆ ದಂಡ ಅಂತ ಪೇಪರಲ್ಲಿ ದೊಡ್ಡದಾಗಿ ಬಂತು. ಆ ದಂಡ ಹೋಗೋದು ಸರ್ಕಾರದ ಖಜಾನೆಗೆ, ಮಾಹಿತಿ ಕಳ್ಕೊಂಡವರಿಗೆ ಒಂದು ಪೈಸೆಯೂ ಇಲ್ಲ. ಸುಳ್ಳು ದೂರು ಕೊಟ್ಟಿರಿ ಅಂದ್ರೆ ನಿಮಗೇ 10,000 ರೂಪಾಯಿವರೆಗೆ ದಂಡ. ಪತ್ರಕರ್ತರಿಗೆ ವಿನಾಯಿತಿಯೇ ಇಲ್ಲ. ನಾಳೆ ನಾವು ಪಟ್ಟಿ ಸಂಗ್ರಹಿಸಿ ವಾಟ್ಸಾಪ್ ಗುಂಪಲ್ಲಿ ಹಾಕಿದರೆ ನಮ್ಮ ಮೇಲೇ ಈ ಕಾಯ್ದೆ ತಿರುಗಬಹುದು ಅಂತ ವಕೀಲ ಗೆಳೆಯರು ಎಚ್ಚರಿಸ್ತಿದ್ದಾರೆ.

ಹೀಗೆ ಬರೆದ್ರೆ ಕೆಲವರು "ನಿಮಗೆ ಖಾಸಗಿತನ ಬೇಡ್ವಾ?" ಅಂತ ಕೇಳ್ತಾರೆ. ಬೇಕು ಸ್ವಾಮಿ. ನಿಮಗಿಂತ ಹೆಚ್ಚು ಬೇಕು. ಬೆಂಗಳೂರಲ್ಲಿ ಬಾಡಿಗೆ ಮನೆ ನೋಡೋಕೆ ಹೋದಾಗ "ನೀವು ಯಾವ ಜನ?" ಅಂತ ಕೇಳಿಸ್ಕೊಳ್ಳೋರು ನಾವು. ಊರಲ್ಲಿ ನಮ್ಮ ಅಡುಗೆ ಮನೇಲಿ ಏನು ಬೇಯ್ತಿದೆ ಅನ್ನೋದೂ ಪಂಚಾಯ್ತಿಯ ವಿಷಯ. ಜಾತಿ ಬಿಟ್ಟು, ಧರ್ಮ ಬಿಟ್ಟು ಪ್ರೀತಿಸಿದವರು 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಮದುವೆ ಆಗೋಕೆ ಹೋದರೆ ಅವರ ಹೆಸರು, ವಿಳಾಸವನ್ನ ಕಚೇರಿಯ ನೋಟಿಸ್ ಬೋರ್ಡಿಗೆ ಅಂಟಿಸಿ, 30 ದಿನ ಆಕ್ಷೇಪಣೆಗೆ ಕಾಯ್ತಾರೆ. ಮಚ್ಚು ಹಿಡ್ಕೊಂಡು ಹುಡುಕ್ತಿರೋ ಅಣ್ಣತಮ್ಮಂದಿರಿಗೆ ಸರ್ಕಾರವೇ ವಿಳಾಸ ಕೊಟ್ಟ ಹಾಗೆ. ಈ ಕಾಯ್ದೆಯ ಮೇಲೆ ಕೈ ಹಾಕೋ ಧೈರ್ಯ ಯಾಕೆ ಬರಲಿಲ್ಲ? ಖಾಸಗಿತನದ ಮೇಲೆ ಅಷ್ಟು ಪ್ರೀತಿ ಇದ್ದಿದ್ದರೆ 44(3)ರ ಪಕ್ಕದಲ್ಲಿ ಇನ್ನೊಂದು ಸಾಲು ಸೇರಿಸೋಕೆ ಎಷ್ಟು ಇಂಕು ಬೇಕಿತ್ತು?

ಖಾಸಗಿತನ ಮೂಲಭೂತ ಹಕ್ಕು ಅಂತ ಗೆದ್ದುಕೊಟ್ಟವರು ನಮ್ಮ ಕರ್ನಾಟಕದವರೇ, ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 80 ದಾಟಿದ ವಯಸ್ಸಲ್ಲಿ, 2012ರಲ್ಲಿ ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ತೀರ್ಪು ಕೊಟ್ಟಿತು. ಅದಕ್ಕೆ ಬರೀ ಒಂದು ತಿಂಗಳ ಹಿಂದೆ, ಜುಲೈಯಲ್ಲಿ, ಇದೇ ರಾಜ್ಯದ ಗೋಕರ್ಣದಲ್ಲಿ ಒಂದೇ ದಲಿತ ಕುಟುಂಬದ ಮೂವರು ಅಣ್ಣತಮ್ಮಂದಿರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡಿದ್ದರು. ಆಧಾರ್ ಜೋಡಣೆ ಆಗಿಲ್ಲ ಅಂತ ಅವರ ರೇಷನ್ ನಿಂತಿತ್ತು, ಇದು ಹಸಿವಿನ ಸಾವು ಅಂತ ಪಿಯುಸಿಎಲ್ ಸತ್ಯಶೋಧನೆ ಹೇಳಿತು. ಸರ್ಕಾರ ಒಪ್ಪಲಿಲ್ಲ. 2018ರ ಸೆಪ್ಟೆಂಬರಲ್ಲಿ ಆಧಾರ್ ತೀರ್ಪು ಬಂತು: ಮೊಬೈಲ್ ಸಿಮ್‌ಗೆ ಆಧಾರ್ ಕಡ್ಡಾಯ ಅಲ್ಲ, ಬ್ಯಾಂಕ್ ಖಾತೆಗೆ ಕಡ್ಡಾಯ ಅಲ್ಲ. ಆದರೆ ರೇಷನ್ ಅಕ್ಕಿಗೆ ಕೇಳಬಹುದು, ಸಬ್ಸಿಡಿಗೆ ಕೇಳಬಹುದು. ಐವರಲ್ಲಿ ನ್ಯಾಯಮೂರ್ತಿ ಚಂದ್ರಚೂಡ್ ಒಬ್ಬರೇ ಭಿನ್ನಮತ ಬರೆದರು. ಸಿಮ್ ತಗೊಳ್ಳೋನ ಬೆರಳು ಅವನದು, ಅಕ್ಕಿ ತಗೊಳ್ಳೋನ ಬೆರಳು ಸರ್ಕಾರದ್ದು ಅನ್ನೋ ಗೆರೆ ಬಿದ್ದಿದ್ದು ಆವತ್ತು. ಕಲ್ಲು ಒಡೆದು, ಸಗಣಿ ಬಾಚಿ ಗೆರೆಯೇ ಸವೆದುಹೋದ ಬೆರಳುಗಳು ಯಾರವು ಅಂತ ಬಿಡಿಸಿ ಹೇಳಬೇಕಾ.

ಸರ್ಕಾರದವರ ಉತ್ತರವೂ ಕೇಳಿಬಿಡಿ. ಆರ್‌ಟಿಐನ ಸೆಕ್ಷನ್ 8(2) ಹಾಗೇ ಇದೆ, ಸಾರ್ವಜನಿಕ ಹಿತ ದೊಡ್ಡದಾದರೆ ಅಧಿಕಾರಿ ಮಾಹಿತಿ ಕೊಡಬಹುದು, ನಷ್ಟ ಏನೂ ಇಲ್ಲ ಅಂತಾರೆ. ಇದೆ, ನಿಜ. ಆದರೆ ಕೊಡಬಹುದು ಅನ್ನೋ ಪದವನ್ನ ಹಿಡಿದು ಫೈಲು ತೆರೆದ ಗುಮಾಸ್ತನನ್ನ ನಾನಂತೂ ನೋಡಿಲ್ಲ. ಆದರೂ ಉಳಿದಿರೋ ಬಾಗಿಲು ಇದೇ, ಅದನ್ನೇ ಒದೆಯಬೇಕು.

ಅರ್ಜಿ ಹಾಕೋರು ಇನ್ಮುಂದೆ ಅರ್ಜಿಯಲ್ಲೇ ಎರಡು ಸಾಲು ಸೇರಿಸಿ. ನಮ್ಮಲ್ಲಿ 150 ಪದದ ಮಿತಿ ಬೇರೆ ಇದೆ, ಚಿಕ್ಕದಾಗಿ ಬರೀರಿ. ಒಂದು, 8(2)ರ ಪ್ರಕಾರ ಸಾರ್ವಜನಿಕ ಹಿತ ಇದೆ, ಇದು ಎಸ್‌ಸಿಎಸ್‌ಪಿ ಹಣ ಅಂತ. ಇನ್ನೊಂದು, ಸೆಕ್ಷನ್ 4(1)(ಬಿ) ಪ್ರಕಾರ ಸಬ್ಸಿಡಿ ಯೋಜನೆಗಳ ಫಲಾನುಭವಿಗಳ ವಿವರವನ್ನ ಯಾರೂ ಕೇಳದೇ ತಾವೇ ಪ್ರಕಟಿಸಬೇಕು ಅಂತ ಇದೆ; 44(3) ಅದನ್ನ ಮುಟ್ಟಿಲ್ಲ. ಆಧಾರ್, ಬ್ಯಾಂಕ್, ಫೋನ್ ನಂಬರ್ ಇದ್ದರೆ ಸೆಕ್ಷನ್ 10ರ ಪ್ರಕಾರ ಅಷ್ಟನ್ನ ಮುಚ್ಚಿ ಉಳಿದಿದ್ದು ಕೊಡಿ ಅಂತ ಕೇಳಿ. ನಿರಾಕರಿಸಿದರೆ 30 ದಿನದೊಳಗೆ ಮೊದಲ ಮೇಲ್ಮನವಿ. ಯಾಕೆ ಕೊಡಲ್ಲ ಅಂತ ಸಮರ್ಥಿಸೋ ಹೊಣೆ ಅಧಿಕಾರಿಯದು, ನಿಮ್ಮದಲ್ಲ, ಅದು 19(5)ರಲ್ಲಿದೆ.

ನಿಮಗೂ ಇಂಥ ಹಿಂಬರಹ ಬಂದಿದ್ದರೆ ಅರ್ಜಿದಾರರ ಹೆಸರು, ವಿಳಾಸ ಮುಚ್ಚಿ ಫೋಟೋ ಹಾಕಿ. ತಾಲ್ಲೂಕು, ಇಲಾಖೆ, ತಾರೀಖು ಕಾಣೋ ಹಾಗಿರಲಿ. ಎಲ್ಲ ಒಂದು ಕಡೆ ಸೇರಿಸ್ತಿದ್ದೀವಿ, ಜನವರಿಯಲ್ಲಿ ಆಯೋಗದ ಮುಂದೆ ಒಟ್ಟಿಗೆ ಇಡೋಣ.