ಪಥ್ಯ

ಯಾದಗಿರಿ, ಶಹಾಪುರ, ಸುರಪುರ, ಈ ಮೂರು ಊರುಗಳ ಯಾವ ಓಣಿಯಲ್ಲಿ ನಡೆದರೂ ಕೇಳಿಬರುವ ಕುಶಲಪ್ರಶ್ನೆ ಒಂದೇ: "ಊಟ ಆಯ್ತ್ರೀ?" ಎದುರಿನವನು ಉಂಡಿದ್ದಾನೆಂದರೆ ಅವನ ಲೋಕ ನೆಟ್ಟಗಿದೆಯೆಂದು ತಿಳಿಯುವುದು ನಮ್ಮ ವಾಡಿಕೆ. ಕ್ಯಾನ್ಸರ್ ಹೊಕ್ಕ ಮನೆಯಲ್ಲಿ ಈ ಸರಳವಾದ ಮಾತೇ ಮುಳ್ಳಾಗುತ್ತದೆ.

ತಂಬಾಕು, ಗುಟಕಾಗಳಿಗೆ ಒಲಿದ ಬಾಯಿ ನಮ್ಮ ಕಡೆ ಕಡಮೆಯಿಲ್ಲ. ಬಾಯಿ ಗಂಟಲುಗಳ ಕ್ಯಾನ್ಸರೂ ಅಪರೂಪವಲ್ಲ. ನಮ್ಮ ಭಾಗವು ಹೈದರಾಬಾದ್ ರಾಜ್ಯದಲ್ಲಿದ್ದಾಗಲೇ, 1955ರಲ್ಲಿ, ಅಲ್ಲಿ ಮೆಹದಿ ನವಾಜ್ ಜಂಗ್ ಹೆಸರಿನ ಆಸ್ಪತ್ರೆ ಆರಂಭವಾಯಿತು. ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ 1973ರಲ್ಲಿ. ಕಲಬುರಗಿಯಲ್ಲಿ ಕಿದ್ವಾಯಿಯ ಶಾಖೆಯೂ ಇದೆ. ಔಷಧ ಕೊಡುವವರು ಅಲ್ಲಿದ್ದಾರೆ. ಆದರೆ ಊರಿಗೆ ಮರಳಿದ ಮೇಲೆ ದಿನಕ್ಕೆ ಹಲವು ಸಲ ನಡೆಯಬೇಕಾದ ಚಿಕಿತ್ಸೆ ಅಡುಗೆಮನೆಯದು.

"ಬಾಯಿಗಿ ರುಚಿನೇ ಹತ್ತವಲ್ದು, ಯವ್ವಾ. ಮಣ್ಣು ಮುಕ್ಕಿದಂಗ ಆಗ್ತದ" ಎಂದು ಸುರಪುರದ ಹಿರಿಯರೊಬ್ಬರು ಸೊಸೆಗೆ ಹೇಳುತ್ತಿದ್ದರು. "ಹಾಂಗಂದ್ರ ಹ್ಯಾಂಗ್ರಿ ಮಾವ? ಎರಡ್ ತುತ್ತರ ಉಣ್ರಿ" ಎಂದು ಆಕೆ. ಇಬ್ಬರ ಕಣ್ಣಿನಲ್ಲೂ ನೀರು. ಇಬ್ಬರದೂ ಸರಿಯೇ. ಕಿರಣಚಿಕಿತ್ಸೆ ಜೊಲ್ಲನ್ನು ಒಣಗಿಸುತ್ತದೆ. ಜೊಲ್ಲಿಲ್ಲದ ಬಾಯಿಗೆ ಜೋಳದ ರೊಟ್ಟಿ ಮರಳಿನಂತೆ. ಹುಣ್ಣಾದ ನಾಲಗೆಗೆ ಪುಂಡಿಪಲ್ಯದ ಹುಳಿ, ಶೇಂಗಾ ಹಿಂಡಿಯ ಖಾರ ಕೆಂಡ. ಔಷಧದಿಂದ ಬಾಯಿಗೆ ಲೋಹದ ರುಚಿ ಬರುತ್ತದೆ. ಒಗ್ಗರಣೆಯ ವಾಸನೆಗೇ ಹೊಟ್ಟೆ ತೊಳಸುತ್ತದೆ. ಇದಕ್ಕಿಂತ ಮಿಗಿಲಾಗಿ, ರೋಗವೇ ಹಸಿವನ್ನು ಕೊಂದು ಮೈಯ ಸ್ನಾಯುಗಳನ್ನು ಕರಗಿಸುತ್ತದೆ. ರೋಗಿ "ಒಲ್ಲೆ" ಎಂದರೆ ಅದು ಹಟವಲ್ಲ.

ಇನ್ನು ನೋಡಲು ಬಂದ ನೆಂಟರು. ಒಬ್ಬರು ಹಾಲು ಬೇಡವೆನ್ನುತ್ತಾರೆ, ಇನ್ನೊಬ್ಬರು ತತ್ತಿ ಬೇಡವೆನ್ನುತ್ತಾರೆ. ಸಕ್ಕರೆ ಬಿಟ್ಟರೆ ಗಡ್ಡೆ ಹಸಿದು ಸಾಯುವುದೆಂದು ಮೂರನೆಯವರು. ಹೀಗೆ ತಾಟಿನಿಂದ ಒಂದೊಂದೇ ತೆಗೆದು ಅದಕ್ಕೆ ಪಥ್ಯವೆಂದು ಹೆಸರಿಟ್ಟಿದ್ದೇವೆ. ಭಾಷೆ ಕಲಿಸುವವನಾದ ನನಗೆ ಈ ಮಾತಿನ ಅವಸ್ಥೆ ನೋಡಿ ಮರುಕವಾಗುತ್ತದೆ. ಪಥಕ್ಕೆ ಹಿತವಾದದ್ದು ಪಥ್ಯ. ಅದರ ಒಡಹುಟ್ಟು ಪಾಥೇಯ, ಎಂದರೆ ದಾರಿಯ ಬುತ್ತಿ. ಬುತ್ತಿ ಕಟ್ಟುವ ಕೈ ಬುತ್ತಿ ಕಸಿಯುವ ಕೈಯಾದದ್ದು ಹೇಗೆ? ಉಪವಾಸದಿಂದ ಗಡ್ಡೆ ಸಾಯುವುದಿಲ್ಲ, ಮನುಷ್ಯ ಸೊರಗುತ್ತಾನೆ. ತೂಕದ ಕಿಲೋ ಒಂದಕ್ಕೆ ದಿನಕ್ಕೆ 25ರಿಂದ 30 ಕ್ಯಾಲೊರಿ, 1ರಿಂದ 1.5 ಗ್ರಾಂ ಪ್ರೋಟೀನು ಬೇಕೆಂಬುದು ವೈದ್ಯರ ಲೆಕ್ಕ. 50 ಕಿಲೋ ತೂಗುವವರಿಗೆ 1250ರಿಂದ 1500 ಕ್ಯಾಲೊರಿ, 50ರಿಂದ 75 ಗ್ರಾಂ ಪ್ರೋಟೀನು. ಸಕ್ಕರೆಕಾಯಿಲೆ, ಮೂತ್ರಪಿಂಡದ ತೊಂದರೆ ಇದ್ದವರಿಗೆ ಮಾತ್ರ ವೈದ್ಯರೇ ಬೇರೆ ಲೆಕ್ಕ ಹಾಕಿಕೊಡಬೇಕು.

ಇದಕ್ಕೆ ದುಬಾರಿ ಡಬ್ಬಿಯೇ ಆಗಬೇಕೆಂದಿಲ್ಲ. ಹಾಲಿನಲ್ಲಿ ಮೆತ್ತಗೆ ಬೆಂದ ಜೋಳದ ನುಚ್ಚು, ತುಪ್ಪ ಹಾಕಿದ ಗಟ್ಟಿ ತೊಗರಿಬೇಳೆ, ನುಣ್ಣಗೆ ಅರೆದ ಶೇಂಗಾ ಬೆರೆಸಿದ ಗಂಜಿ, ಮೊಸರಲ್ಲಿ ಕಿವುಚಿದ ಬಾಳೆಹಣ್ಣು, ಒಲ್ಲೆನೆನ್ನದವರಿಗೆ ಚೆನ್ನಾಗಿ ಬೆಂದ ತತ್ತಿ. ಮೂರು ಊಟದ ಬದಲು ಆರೆಂಟು ಸಲ, ಬಟ್ಟಲು ಬಟ್ಟಲಾಗಿ. ಆರಿದ ಅಡುಗೆಯ ವಾಸನೆ ಕಡಮೆ. ಲೋಹದ ರುಚಿ ಕಾಡಿದರೆ ಸ್ಟೀಲಿನ ಚಮಚಕ್ಕೆ ಬದಲು ಮರದ್ದು.

ನುಂಗಲೇ ಆಗದಿದ್ದರೆ ಮೂಗಿನಿಂದ ಜಠರಕ್ಕೆ ನಳಿಗೆ ಇಳಿಸುತ್ತಾರೆ. ಜಾನ್ ರೈಲ್ ಎಂಬ ಇಂಗ್ಲಿಷ್ ವೈದ್ಯ 1921ರಲ್ಲಿ ಬಳಕೆಗೆ ತಂದ ನಳಿಗೆ ಅದು. ಅದನ್ನು ಕಂಡರೆ ಮನೆಯವರು ಎಲ್ಲ ಮುಗಿಯಿತೆಂದು ಅಳುತ್ತಾರೆ. ಎಷ್ಟೋ ಸಲ ಅದು ಕೆಲವು ವಾರಗಳ ಹೊಳೆ ದಾಟಿಸುವ ಹರಿಗೋಲು ಮಾತ್ರ. ತಲೆದೆಸೆ ಎತ್ತರಿಸಿ ಕೂರಿಸಬೇಕು, ಸೋಸಿದ್ದನ್ನು ನಿಧಾನವಾಗಿ ಬಿಡಬೇಕು, ಮೊದಲೂ ಕೊನೆಗೂ ನೀರು ಹಾಯಿಸಬೇಕು, ಆಮೇಲೆ ಅರ್ಧ ಗಂಟೆಯಾದರೂ ಮಲಗಿಸಬಾರದು. ನಳಿಗೆ ಸ್ಥಳದಲ್ಲಿದೆಯೇ ಎಂದು ನೋಡುವ ಬಗೆಯನ್ನು ದಾದಿಯಿಂದ ಕಲಿತೇ ಮನೆಗೆ ಬರಬೇಕು.

ಆದರೂ ಒಂದು ದಿನ ಬರಬಹುದು. ಮೈ ತಾನಾಗಿಯೇ ಊಟದಿಂದ ವಿಮುಖವಾಗುವ ಕಡೆಯ ದಿನಗಳಲ್ಲಿ ತುರುಕಿದ ತುತ್ತು ಆಯುಸ್ಸನ್ನು ಹೆಚ್ಚಿಸದು, ಸಂಕಟವನ್ನು ಹೆಚ್ಚಿಸೀತು. ಆಗ ಉಣಿಸಲಿಲ್ಲವೆಂಬ ಪಾಪಭೀತಿ ಯಾರಿಗೂ ಬೇಡ. ಒದ್ದೆ ಅರಳೆಯಿಂದ ತುಟಿ ನೆನೆಸಿ, ಕೈಹಿಡಿದು ಪಕ್ಕದಲ್ಲಿ ಕುಳಿತರೆ ಸಾಕು. ಆ ದಾರಿಗೆ ಅದಕ್ಕಿಂತ ಹಿತವಾದ ಬುತ್ತಿ ಇಲ್ಲ.